ಚಿನ್ನದ ಗಣಿ ಊರಿನ ಹೋಟೆಲಿನ ಕಂಬದ ಜಗಲಿ: ಗದಗಿನ ಹಳೇ ಕಟ್ಟಡಕ್ಕೆ ಹೊಂದುತ್ತದೆಯೇ?

ಬೆಟಗೇರಿ_ಕಟ್ಟಿ:

ಎಲ್ಲರಿಗೂ ನಮಸ್ಕಾರ. ಬೆಟಗೇರಿ ಕಡೆಯ ಎರಡಂತಸ್ತಿನ ಹಳೇ ಕಟ್ಟಡವೊಂದನ್ನು ಹತ್ತು ಕೋಣೆಗಳ ವಸತಿಗೃಹ ಮಾಡುವ ಕೆಲಸ ಶುರುವಾಗಿದೆ. ಮುಂಭಾಗ 46 ಅಡಿ. ಗೋಡೆ ಎರಡಡಿ ದಪ್ಪ, ಕಲ್ಲು-ಮಣ್ಣಿನ ಕಟ್ಟೋಣ, ಸಾಗುವಾನಿ ತೊಲೆ, ಮೇಲೆ ಮಂಗಳೂರು ಹೆಂಚು. ಮುಂದೆ 8 ಅಡಿ ಅಗಲದ ಕಲ್ಲಿನ ಕಟ್ಟೆ ಇದೆ, ಆದರೆ ಅದರ ಮೇಲಿದ್ದ ಮಾಡು ಯಾವಾಗಲೋ ಬಿದ್ದುಹೋಗಿದೆ. ಆಸ್ಟ್ರೇಲಿಯಾದ ಚಿನ್ನದ ಗಣಿ ಊರು ಕಲ್ಗೂರ್ಲಿಯ ಹಳೇ ಹೋಟೆಲುಗಳ ಚಿತ್ರ ತೋರಿಸಿ, ಎರಡೂ ಅಂತಸ್ತಿಗೆ ಬೀಡುಕಬ್ಬಿಣದ ಕಂಬ, ಕಟಕಟೆ, ತಗಡಿನ ಮಾಡು ಇರುವ ಅಂಥದ್ದೇ ಜಗಲಿ ಬೇಕು ಎನ್ನುತ್ತಿದ್ದಾರೆ ಮಾಲೀಕರು.

ತಿಳಿಯಬೇಕಾದ್ದು ಇಷ್ಟು. ಆ ಊರುಗಳಲ್ಲಿ ಆ ಆಕಾರ ಯಾಕೆ ಬಂತು? ಇಲ್ಲಿ ಕಟ್ಟಿದರೆ ಎಲ್ಲಿ ಕೈಕೊಡುತ್ತದೆ? ಮುಂಗೋಡೆಗೆ ಹಿಂದೆ ಯಾರೋ ಸಿಮೆಂಟ್ ಗಿಲಾವು ಮಾಡಿದ್ದಾರೆ, ಈಗ ಹಲಗೆ ಹಲಗೆಯಾಗಿ ಕಳಚುತ್ತಿದೆ; ಅದಕ್ಕೇನು ಮಾಡುವುದು? ಕೊನೆಯದು, ‘ಚಿನ್ನದ ಕಾಲದ ಹೋಟೆಲ್’ ಎಂದು ಫಲಕ ಹಾಕಬಹುದೇ?

ಹಳೇಮಾಡು:

ಇತಿಹಾಸದಿಂದಲೇ ಶುರು ಮಾಡೋಣ, ಆಕಾರದ ಕಾರಣ ಅಲ್ಲೇ ಇದೆ.

ಕಲ್ಗೂರ್ಲಿಯಲ್ಲಿ ಪ್ಯಾಡಿ ಹ್ಯಾನನ್ ಮತ್ತವನ ಇಬ್ಬರು ಸಂಗಡಿಗರಿಗೆ ಚಿನ್ನ ಸಿಕ್ಕಿದ್ದು 1893ರ ಜೂನ್‌ನಲ್ಲಿ. ಮೊದಲ ಕೆಲವು ವರ್ಷ ಅಲ್ಲಿ ನಿಂತಿದ್ದು ಗೋಣಿತಟ್ಟು, ತಗಡಿನ ಬಿಡಾರಗಳು. 1896ರಲ್ಲಿ ರೈಲು ಬಂತು. ಮರುವರ್ಷವೇ ಹ್ಯಾನನ್ ಬೀದಿ, ಮಾರಿಟಾನಾ ಬೀದಿ ಕೂಡುವ ಮೂಲೆಯಲ್ಲಿ ಪ್ಯಾಲೇಸ್ ಹೋಟೆಲ್ ತೆರೆಯಿತು. 1900ರಲ್ಲಿ ಅದರೆದುರಿಗೆ ಎಕ್ಸ್‌ಚೇಂಜ್ ಹೋಟೆಲ್ ಎದ್ದಿತು. ಅಂದರೆ ತಗಡಿನ ಬಿಡಾರದಿಂದ ಎರಡಂತಸ್ತಿನ ಹೋಟೆಲಿಗೆ ಬರಲು ಆ ಊರಿಗೆ ಹಿಡಿದದ್ದು ನಾಲ್ಕೇ ವರ್ಷ. ಭಾರದ ಸಾಮಾನು ದೂರದಿಂದ ಸಾಗಿಸಲು ರೈಲಿದ್ದರೆ ಮಾತ್ರ ಇದು ಸಾಧ್ಯ.

ಈಗ ಜಗಲಿಗೆ ಬರೋಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಯಲುಸೀಮೆ ಅದು. ಬಿಸಿಲು ಗೋಡೆಗೆ ಬಡಿದರೆ ರಾತ್ರಿಯಿಡೀ ಕೋಣೆ ಕಾಯುತ್ತದೆ. ಜಗಲಿ ಗೋಡೆಯನ್ನೇ ನೆರಳಲ್ಲಿ ಇಡುತ್ತದೆ. ಮೇಲಂತಸ್ತಿನ ಕೋಣೆಗಳ ಬಾಗಿಲು ಅದರ ಮೇಲೆ ತೆರೆದು ಗಾಳಿ ಆಡುತ್ತದೆ. ಕೆಳಗೆ ಮೂಲೆಯಲ್ಲಿ ಬಾರು, ಮೇಲೆ ಮಲಗುವ ಕೋಣೆ. ಇದು ಆ ಕಾಲದ ಮೂಲೆ ಹೋಟೆಲಿನ ಸಾಮಾನ್ಯ ನಕ್ಷೆ. ತಗಡಿಗೆ ಇನ್ನೊಂದು ಕಾರಣವಿದೆ: ನೀರು. ಅಂತರ್ಜಲ ಉಪ್ಪು, ಅದನ್ನು ಕುದಿಸಿ ಬಟ್ಟಿ ಇಳಿಸಿ ಮಾರುತ್ತಿದ್ದರು. ಮಂಡಾರಿಂಗ್ ಜಲಾಶಯದಿಂದ ಸುಮಾರು 530 ಕಿ.ಮೀ. ಕೊಳವೆಯಲ್ಲಿ ಸಿಹಿನೀರು ಬಂದದ್ದು 1903ರ ಜನವರಿಯಲ್ಲಿ. ಅಲ್ಲಿಯವರೆಗೆ ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗೆ ಇಳಿಸಿಕೊಳ್ಳಲು ತಗಡಿನಷ್ಟು ಒಳ್ಳೆಯದು ಬೇರೇನಿರಲಿಲ್ಲ. ಹಗುರ, ಒಂದರ ಮೇಲೊಂದು ಅಡುಕಿ ಸಾಗಿಸಬಹುದು, ಹಾಕಲು ನೀರೂ ಬೇಡ.

ನಮ್ಮ ಕೆಜಿಎಫ್‌ನಲ್ಲಿ ಇಂಥ ಹೋಟೆಲು ಯಾಕೆ ಬೆಳೆಯಲಿಲ್ಲ ಎಂಬುದೂ ಯೋಚಿಸುವ ಮಾತು. 1880ರಿಂದ ಅಲ್ಲಿ ಜಾನ್ ಟೇಲರ್ ಕಂಪನಿಯ ಆಡಳಿತ. ಅಧಿಕಾರಿಗೆ ಬಂಗಲೆ, ಕಾರ್ಮಿಕರಿಗೆ ಲೈನ್ ಮನೆ, ಸಂಜೆಗೆ ಕ್ಲಬ್ಬು, ಎಲ್ಲವೂ ಕಂಪನಿಯದೇ. ಕಲ್ಗೂರ್ಲಿಯಲ್ಲಿ ಯಾರು ಬೇಕಾದರೂ ಬಂದು ಅದೃಷ್ಟ ನೋಡಬಹುದಿತ್ತು, ಹಾಗೆ ಬಂದವನಿಗೆ ಹಾಸಿಗೆ ಬೇಕಿತ್ತು. ನನ್ನ ಪ್ರಕಾರ ಹೋಟೆಲು ಬೆಳೆದದ್ದು ಚಿನ್ನದಿಂದಷ್ಟೇ ಅಲ್ಲ, ಬಿಡಿಬಿಡಿಯಾಗಿ ಬಂದ ಜನರಿಂದ.

ತೊಲಿ_ಜಂತಿ:

ಕಟ್ಟುವ ಮಾತಿಗೆ ಬರುತ್ತೇನೆ. ಮೊದಲ ಅಪಾಯ ಮಳೆಯಲ್ಲ, ಗಾಳಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಸೆಕೆಂಡಿಗೆ 33 ಮೀಟರ್ ವೇಗ ಹಿಡಿದರೂ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಆಗುತ್ತದೆ. ಕೆಳಗೆ ತೆರೆದ ಜಗಲಿಯಲ್ಲಿ ಗಾಳಿ ಒಳಹೊಕ್ಕು ಮಾಡನ್ನು ಮೇಲೆತ್ತುತ್ತದೆ. ಮಂಗಳೂರು ಹೆಂಚಿನ ಮಾಡು ಚದರ ಮೀಟರಿಗೆ 40 ಕೆ.ಜಿ. ಆಸುಪಾಸು ತೂಗುತ್ತದೆ, ಅರ್ಧ ಮಿ.ಮೀ. ತಗಡು ಬರೀ 5 ಕೆ.ಜಿ. ಹೆಂಚು ತನ್ನ ಭಾರಕ್ಕೇ ಬಹುಪಾಲು ಕೂತಿರುತ್ತದೆ, ತಗಡನ್ನು ಕಟ್ಟಿಹಾಕಲೇಬೇಕು. ಕಟ್ಟಿಹಾಕುವುದೆಂದರೆ ತಗಡಿನಿಂದ ರೀಪಿಗೆ, ರೀಪಿನಿಂದ ಜಂತಿಗೆ, ಜಂತಿಯಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಆಷಾಢದ ಗಾಳಿ ಅದನ್ನೇ ಹುಡುಕುತ್ತದೆ. ಸಾಮಾನ್ಯವಾಗಿ ತಪ್ಪುವುದು ಕೊನೇ ಕೊಂಡಿ: ಕಂಬವನ್ನು ಕಲ್ಲಿನ ಮೇಲೆ ಬರೀ ನಿಲ್ಲಿಸಿರುತ್ತಾರೆ.

ತಗಡಿಗೆ ತೂತು ಹೊಡೆಯುವಾಗ ಏರಿನ ಮೇಲೆ ಹೊಡೆಯಿರಿ, ತಗ್ಗಿನಲ್ಲಿ ಬೇಡ. ತಗ್ಗಿನಲ್ಲಿ ನೀರು ಹರಿಯುತ್ತದೆ, ವಾಶರ್ ಒಣಗಿ ಬಿರಿದ ವರ್ಷವೇ ಸೋರುತ್ತದೆ. ಅಂಚಿನ ಎರಡು ರೀಪಿಗೆ ಒಂದು ಏರು ಬಿಟ್ಟು ಒಂದಕ್ಕೆ ಬೋಲ್ಟು, ನಡುವೆ ಮೂರಕ್ಕೊಂದು ಸಾಕು. ಇಳಿಜಾರು 6 ಅಡಿಗೆ 1 ಅಡಿಗಿಂತ ಕಡಿಮೆ ಬೇಡ. ಹೆಂಚಿಗಾದರೆ 25 ಡಿಗ್ರಿಯಾದರೂ ಬೇಕು. 8 ಅಡಿ ಅಗಲದ ಜಗಲಿಗೆ ಹತ್ತಿರ ಹತ್ತಿರ ಪೌಣೇನಾಲ್ಕು ಅಡಿ ಏರಿಕೆ ಆಗುತ್ತದೆ, ಮೇಲಿನ ಕಿಟಕಿಗೆ ಅಡ್ಡ ಬರುತ್ತದೋ ನೋಡಿಕೊಳ್ಳಿ.

ಎರಡನೆಯದು ಎರೆಮಣ್ಣು. ಹಳೇ ಗೋಡೆಯ ಬುನಾದಿ ಎಂದೋ ಕೂತು ಗಟ್ಟಿಯಾಗಿದೆ. ಹೊಸ ಕಂಬಗಳನ್ನು ಎರಡಡಿ ಗುಂಡಿಯಲ್ಲಿ ನಿಲ್ಲಿಸಿದರೆ ಮಳೆಗಾಲದಲ್ಲಿ ಉಬ್ಬಿ ಏಳುತ್ತವೆ, ಬೇಸಿಗೆಯಲ್ಲಿ ಕುಸಿಯುತ್ತವೆ, ಗೋಡೆ ಮಾತ್ರ ಅಲ್ಲೇ ಇರುತ್ತದೆ. ಜಗಲಿಗೂ ಗೋಡೆಗೂ ನಡುವೆ ಬಿರುಕು ಬಿಟ್ಟು, ಅಲ್ಲಿಂದ ಇಳಿದ ನೀರು ನೇರ ತೊಲೆಯ ತಲೆಗೆ. ಹಾಗಾಗಿ ಗರಸು ಸಿಗುವವರೆಗೆ ಅಗೆಯಿರಿ. ಗರಸು ಆಳದಲ್ಲಿದ್ದರೆ ತಳದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಪೈಲು ಹಾಕುವುದು ಎರೆಭೂಮಿಗೆ ಒಗ್ಗಿದ ವಿಧಾನ. ಬುನಾದಿ ಸುತ್ತ ಒಂದಡಿ ಗರಸು ತುಂಬಿ ಎರೆ ನೇರ ತಾಗದಂತೆ ಮಾಡಿ. ಮಾಡಿನ ನೀರು ಕಂಬದ ಬುಡಕ್ಕೆ ಬೀಳದೆ ಚರಂಡಿಗೆ ಹೋಗಲಿ.

ಗೋಡೆಯ ಕಡೆ ಅಡ್ಡತೊಲೆಯನ್ನು ಬೋಲ್ಟಿನಿಂದ ಕಲ್ಲು-ಮಣ್ಣಿನ ಗೋಡೆಗೆ ಬಿಗಿಯಬೇಡಿ, ಬೋಲ್ಟು ಹಿಡಿಯಲು ಒಳಗೆ ಬರೀ ಮಣ್ಣಿದೆ. ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಚಾಚುಗಲ್ಲು 4 ಅಡಿಗೊಂದರಂತೆ ಕೂಡಿಸಿ ಅದರ ಮೇಲೆ ತೊಲೆ ಇಡಿ. ಸೇರುವಲ್ಲಿ ಗೋಡೆಗೆ ಒಂದಿಂಚು ಆಳದ ತೋಡು ಕೊರೆದು ಸೀಸದ ಪಟ್ಟಿ ಮಡಚಿ ತುರುಕಿ, ಮೇಲೆ ಸುಣ್ಣದ ಗಾರೆ ತುಂಬಿ. ಮೇಲಂತಸ್ತಿನ ಜಗಲಿಗೆ ಚದರ ಮೀಟರಿಗೆ 400 ಕೆ.ಜಿ. ಭಾರ ಎಣಿಸಿ. ಜಾತ್ರೆ, ಮೆರವಣಿಗೆ ದಿನ ಜನ ನಿಲ್ಲುವುದು ಅಲ್ಲೇ.

ಇನ್ನೊಂದು ಮಾತು. ಕಲ್ಗೂರ್ಲಿಯಲ್ಲಿ ಕಂಬಗಳು ಊರಿನ ಕಾಲುದಾರಿಯ ಮೇಲೇ ನಿಂತಿವೆ. ಇಲ್ಲಿ ನಿಮ್ಮ ಕಟ್ಟೆಯ ಅಂಚು ದಾಟಿ ಒಂದು ಇಂಚೂ ಹೋಗಬೇಡಿ. ನಗರಸಭೆಯ ಅನುಮತಿ ನಕ್ಷೆಯಲ್ಲಿ ಕಂಬದ ಮಧ್ಯರೇಖೆಯಷ್ಟೇ ಅಲ್ಲ, ಮಾಡಿನ ತುದಿಯನ್ನೂ ತೋರಿಸಿ.

ಗಾರೆ_ಗೌಂಡಿ:

ಆ ಸಿಮೆಂಟ್ ಗಿಲಾವ್ ಮೊದ್ಲ ತಗೀರಿ ಸರ. ಅದರ ಮ್ಯಾಲ ಏನ್ ಮಾಡಿದ್ರೂ ನಿಲ್ಲಂಗಿಲ್ಲ. ಕಲ್ಲು-ಮಣ್ಣಿನ ಗ್ವಾಡಿ ನೆಲದಿಂದ ಹಸಿ ಎಳಕೊಂತೈತಿ, ಎಳಕೊಂಡಿದ್ದನ್ನ ಹೊರಗ ಬಿಡಬೇಕು. ಸಿಮೆಂಟ್ ಬಿಡಂಗಿಲ್ಲ. ಹಸಿ ಅದರ ಹಿಂದ ನಿಂತು ಉಪ್ಪು ಕಟ್ಟತೈತಿ, ಆ ಉಪ್ಪು ಉಬ್ಬಿ ಗಿಲಾವನ್ನ ಹಲಗಿಗತೆ ದಬ್ಬತೈತಿ. ನಿಮ್ಮಲ್ಲಿ ಆಗಿದ್ದು ಇದ. ಗಿಲಾವ್ ಬಿದ್ರ ಪಾಡ, ಆದ್ರ ಅದೇ ಹಸಿ ಗ್ವಾಡಿ ಒಳಗಿನ ತೊಲಿ ತಲಿ ಕೊಳಸತೈತಿ. ಪ್ರತಿ ತೊಲಿ ಗ್ವಾಡಿ ಹೊಕ್ಕಲ್ಲಿ ಸಣ್ಣ ಉಳಿ ಚುಚ್ಚಿ ನೋಡ್ರಿ. ಕಾಲಿಂಚು ಹೋಗಿ ನಿಂತ್ರ ಚಿಂತಿಲ್ಲ, ಬೆಣ್ಣಿಯಾಗ ಹೋದಂಗ ಹೋದ್ರ ತಲಿ ಕತ್ತರಿಸಿ ಹೊಸ ತುಂಡು ಜೋಡಸ್ಬೇಕು.

ತೆಗಿಯುವಾಗ ಬ್ರೇಕರ್ ಮಷೀನ್ ಹಚ್ಚಬ್ಯಾಡ್ರಿ, ಒಳಗಿನ ಮಣ್ಣು ಉದುರಿ ಕಲ್ಲು ಸಡ್ಲ ಆಗ್ತಾವು. ಚಾಣ, ಸುತ್ತಿಗಿ, ಮ್ಯಾಲಿಂದ ಕೆಳಗ. ತೆಗದ ಮ್ಯಾಲ ಒಂದು ಬ್ಯಾಸಗಿ ಗ್ವಾಡಿ ಬತ್ತಲೆ ಬಿಡ್ರಿ, ಹಸಿ ಆರಲಿ. ಬಂದ ಉಪ್ಪನ್ನ ಒಣಾ ಕಸಬರಗಿಲೆ ಉಡುಗ್ರಿ, ನೀರ್ ಹಾಕಿ ತೊಳದ್ರ ಮತ್ತ ಒಳಗ ಹೋಗತೈತಿ.

ಆಮ್ಯಾಲ ಸುಣ್ಣ. ಸುಟ್ಟ ಸುಣ್ಣದ ಹಳ್ಳ (ಹರಳು) ತಂದು ಕುಣಿಯಾಗ ನೀರಿಗೆ ಹಾಕಿ ಅರಳಸ್ರಿ. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕ ನೀರ್ ಸುರುವಿದ್ರ ಕುದ್ದು ಮಾರಿಗೆ ಸಿಡಿತೈತಿ; ಕಣ್ಣಿಗೆ ಕನ್ನಡಕ ಇರ್ಲಿ. ಸೋಸಿ, ಮ್ಯಾಲ ನಾಕ ಬೆರಳ ನೀರ್ ನಿಂದರ್ಸಿ ಕಮ್ಮಿ ಅಂದ್ರ ಮೂರ್ ವಾರ ಬಿಡ್ರಿ. ಅರಳದ ಉಳದ ಹಳ್ಳ ಗ್ವಾಡಿಗೆ ಹೋದ್ರ ಆರ್ ತಿಂಗಳಿಗೆ ಉಬ್ಬಿ ಮಸೂರಿ ಕಾಳಿನಷ್ಟ ಗುಳಿ ಬೀಳತಾವು. ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಂಗಿ ಪುಡಿ, ಎರಡು ಪಾಲು ತೊಳದ ಉಸುಕು. ಒಂದು ಸಲಕ್ಕ ಅರ್ಧ ಇಂಚಿಗಿಂತ ದಪ್ಪ ಬ್ಯಾಡ. ಗ್ವಾಡಿ ಮೊದ್ಲ ತೊಯ್ಸ್ರಿ, ಇಲ್ಲಂದ್ರ ಒಣಾ ಕಲ್ಲು ಗಾರಿಯ ನೀರೆಲ್ಲಾ ಕುಡದ್ ಬಿಡತೈತಿ. ಹಚ್ಚಿದ್ ಮ್ಯಾಲ ಹಸಿ ಗೋಣಿ ಇಳಿಬಿಟ್ಟು ಎರಡು ವಾರ ತಂಪ್ ಇಡ್ರಿ. ಏಪ್ರಿಲ್ ಬಿಸಲಾಗ ಮಾಡಬ್ಯಾಡ್ರಿ, ಜೋರ್ ಮಳಿಯಾಗೂ ಬ್ಯಾಡ. ದೀಪಾವಳಿ ಮುಗದ್ ಮ್ಯಾಲ ಶುರು ಮಾಡಿದ್ರ ಛಲೋ.

ಬಣ್ಣಾನೂ ಸುಣ್ಣದ್ದ ಇರ್ಲಿ. ಗಾರಿ ಮ್ಯಾಲ ಪ್ಲಾಸ್ಟಿಕ್ ಪೇಂಟ್ ಬಳದ್ರ ಮತ್ತ ಅದ ಕತಿ.

ಬೆಟಗೇರಿ_ಕಟ್ಟಿ:

ತುಂಬ ಉಪಕಾರ. ಕೆಲಸ ದೀಪಾವಳಿಯ ಆಚೆಗೆ ದೂಡುತ್ತೇವೆ. ಕಂಬದ ವಿಷಯ ಉಳಿಯಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೇ ಒಂದು ಬೀಡಿನ ಕಂಬ ಸಿಕ್ಕಿದೆ, 10 ಅಡಿ, ಒಳಗೆ ಪೊಳ್ಳು, ಬುಡದಲ್ಲಿ ಒಂದು ಬಿರುಕು. ಅದನ್ನೇ ಅಚ್ಚಾಗಿಟ್ಟು ಉಳಿದ ಐದನ್ನು ಎರಕ ಹೊಯ್ಯಿಸಬಹುದೇ? ಬಿರುಕಿಗೆ ವೆಲ್ಡಿಂಗ್ ಆಗುತ್ತದೆಯೇ?

ತೊಲಿ_ಜಂತಿ:

ನೇರ ಅದನ್ನೇ ಅಚ್ಚಾಗಿಟ್ಟರೆ ಹೊಸ ಕಂಬಗಳು ಗಿಡ್ಡ ಆಗುತ್ತವೆ. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ; 10 ಅಡಿಗೆ ಒಂದಿಂಚಿಗಿಂತ ಜಾಸ್ತಿ ವ್ಯತ್ಯಾಸ. ಆರರಲ್ಲಿ ಒಂದು ಕಂಬ ಉದ್ದ, ಐದು ಗಿಡ್ಡ. ಹಳೇ ಕಂಬದ ಅಳತೆ ತೆಗೆದು, ಕುಗ್ಗುವಿಕೆ ಸೇರಿಸಿದ ಅಳತೆಕೋಲಿನಿಂದ ಕಟ್ಟಿಗೆಯ ಅಚ್ಚು ಮಾಡಿಸಿ. ಹೂಬಳ್ಳಿಯ ತಲೆ ಭಾಗ ಬೇರೆ, ದಿಂಡು ಬೇರೆ ಎರಕ ಹೊಯ್ಯಿಸಿದರೆ ಕೆಡುವುದು ಕಡಿಮೆ. ಬೆಳಗಾವಿಯ ಉದ್ಯಮಬಾಗ ಕಡೆ ಫೌಂಡ್ರಿಗಳು ಬಹಳ ಇವೆ, ಕೇಳಿ ನೋಡಿ. ಪೊಳ್ಳು ಕಂಬದಲ್ಲಿ ಒಳಗಿನ ತಿರುಳು (ಪೊಳ್ಳು ಬರಲೆಂದು ಅಚ್ಚಿನೊಳಗೆ ಇಡುವ ಮರಳಿನ ದಿಂಡು) ಸರಿದರೆ ಒಂದು ಪಕ್ಕ ತೆಳು ಆಗುತ್ತದೆ. ತಂದಿಳಿಸಿದ ಕಂಬಕ್ಕೆ ಎದುರು-ಬದುರು ಸಣ್ಣ ತೂತು ಕೊರೆದು ದಪ್ಪ ಅಳೆದು ತೆಗೆದುಕೊಳ್ಳಿ.

ಸಾಮಾನ್ಯ ವೆಲ್ಡಿಂಗ್ ಬೇಡ. ಬಿಸಿ ತಾಗಿದ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ನಿಕಲ್ ಕಡ್ಡಿಯಿಂದ, ಇಡೀ ಬುಡ ಕಾಯಿಸಿ, ಬೆಸೆದ ಮೇಲೆ ಬೂದಿಯಲ್ಲಿ ಹೂತು ನಿಧಾನ ಆರಿಸಬಲ್ಲವರು ಸಿಕ್ಕರೆ ಮಾತ್ರ. ಅದಕ್ಕಿಂತ ಬಿರುಕಿನ ಎರಡೂ ತುದಿಗೆ ತೂತು ಕೊರೆದು ಅದು ಮುಂದುವರಿಯದಂತೆ ನಿಲ್ಲಿಸಿ, ಬುಡಕ್ಕೆ ಉಕ್ಕಿನ ಪಟ್ಟಿ ತೊಡಿಸುವುದು ನಂಬಿಕೆಯ ದಾರಿ. ಅಂದಹಾಗೆ ಬುಡ ಬಿರಿಯಲು ಕಾರಣ ಹೆಚ್ಚಾಗಿ ಒಳಗೆ ನಿಂತ ನೀರು ಮತ್ತು ತುಕ್ಕು. ಬುಡದಲ್ಲಿ ಅರ್ಧ ಇಂಚಿನ ತೂತು ಬಿಡಿ, ನೀರು ಹೊರಗೆ ಹೋಗಲಿ.

ಹಳೇಮಾಡು:

ಫಲಕದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ‘ಚಿನ್ನದ ಕಾಲದ ಹೋಟೆಲ್’ ಎಂದು ಬರೆಸಬೇಡಿ, ಅದು ನಿಜವಲ್ಲ. ಗದಗ-ಬೆಟಗೇರಿ ಬೆಳೆದದ್ದು ಹತ್ತಿ, ನೇಯ್ಗೆ ಮತ್ತು 1884ರಲ್ಲಿ ಬಂದ ರೈಲಿನಿಂದ. ಚಿನ್ನ ಇತ್ತು, ಆದರೆ ಊರಲ್ಲಲ್ಲ, ಕಪ್ಪತಗುಡ್ಡದ ಮಡಿಲಲ್ಲಿ. ದೋಣಿ ಹಳ್ಳದ ಮರಳನ್ನು ಮರಿಗೆಯಲ್ಲಿ ಜಾಲಿಸಿ ಕಣ ತೆಗೆಯುತ್ತಿದ್ದ ಜಾಲಗಾರರ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬರೆದದ್ದಿದೆ. ಡಂಬಳ ಗುಡ್ಡಗಳ ಚಿನ್ನದ ಕುರಿತ ಅವರ ವರದಿ 1874ರದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಬುಲಾಯತಕಟ್ಟಿ, ಹೊಸೂರು ಕಡೆ ಕಂಪನಿಗಳು ಗಣಿ ತೋಡಿ ಕೆಲವೇ ವರ್ಷಗಳಲ್ಲಿ ಬಿಟ್ಟುಹೋದವು. ಊರು ಕಟ್ಟುವಷ್ಟು ಚಿನ್ನ ಅಲ್ಲಿ ಸಿಗಲಿಲ್ಲ. ಆ ಗುಡ್ಡ 2019ರಿಂದ ವನ್ಯಜೀವಿಧಾಮ.

ಇಷ್ಟು ಇದ್ದದ್ದನ್ನೇ ಪಡಸಾಲೆಯ ಗೋಡೆಗೆ ಒಂದು ನಕ್ಷೆಯ ಜೊತೆ ಬರೆದು ಹಾಕಿ. ಜಗಲಿಗೆ ನನ್ನ ಸಲಹೆ: ಕಲ್ಗೂರ್ಲಿಯ ಲೆಕ್ಕಾಚಾರ ತೆಗೆದುಕೊಳ್ಳಿ, ವೇಷ ಬೇಡ. ಎಂಟಡಿ ನೆರಳು, ಮೇಲಿನ ಕೋಣೆಗಳಿಗೆ ಜಗಲಿಯ ಬಾಗಿಲು, ಇವು ಇಲ್ಲಿಗೂ ಸಲ್ಲುತ್ತವೆ. ಮಾಡಿಗೆ ಹೆಂಚೇ ಇರಲಿ, ಹಿಂದಿನ ಮಾಡಿನ ಜೊತೆ ಕೂಡುತ್ತದೆ, ಗಾಳಿಗೂ ಕೂರುತ್ತದೆ. ಹಳೇ ಹೆಂಚು ಇಳಿಸುವಾಗ ಬೆನ್ನಿನ ಮೇಲಿನ ಕಾರ್ಖಾನೆ ಮುದ್ರೆ ಓದಿಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಆಮೇಲೆ ಬೇರೆಯವರದೂ ಬಂದವು. ಹೆಂಚನ್ನು ಬದಲಿಸುತ್ತಲೇ ಇರುವುದರಿಂದ ಒಂದು ಮುದ್ರೆಯಿಂದ ಕಟ್ಟಡದ ವಯಸ್ಸು ಹೇಳಲಾಗದು. ತುದಿಯ ಕೋಳಿನ ಸಾಲು, ಸೂರಿನ ಸಾಲು, ನಡುವಿನ ಸಾಲು, ಮೂರೂ ಕಡೆಯಿಂದ ಹತ್ತತ್ತು ಹೆಂಚು ತೆಗೆದು, ಯಾವ ಮುದ್ರೆ ಎಷ್ಟಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೋ ತೆಗೆದು ಇಲ್ಲಿ ಹಾಕಿ, ನೋಡೋಣ.