ಬಾರ್ಸಿಲೋನಾದಲ್ಲಿ ಹತ್ತಿ ರೋಮ್‌ನಲ್ಲಿ ಇಳಿಯೋದು: ಹಡಗಿನ ಹಿಂದೆ ಮುಂದೆ ಎಷ್ಟು ದಿನ ಇಟ್ಕೋಬೇಕು?

ಪ್ರಶ್ನೆ (ಮೈಸೂರಿನ ಸದಸ್ಯೆ):
ಮೇಡಂ, ನಮಸ್ಕಾರ. ಜೂನ್‌ನಲ್ಲಿ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೀವಿ. ನಾವಿಬ್ಬರು, ಒಂಬತ್ತು ವರ್ಷದ ಮಗ, ಅತ್ತೆ, ಮಾವ. ಭಾನುವಾರ ಸಂಜೆ ಐದಕ್ಕೆ ಬಾರ್ಸಿಲೋನಾದಿಂದ ಹಡಗು ಹೊರಡುತ್ತೆ. ಪಾಲ್ಮಾ, ಮಾರ್ಸೇ, ಜಿನೋವಾ, ಫ್ಲಾರೆನ್ಸ್, ಒಂದು ದಿನ ಬರೀ ಸಮುದ್ರ, ನೇಪಲ್ಸ್, ಮುಂದಿನ ಭಾನುವಾರ ಬೆಳಿಗ್ಗೆ ರೋಮ್. ಇದಲ್ಲದೆ ಇನ್ನೂ ಐದು ರಾತ್ರಿಗೆ ರಜೆ ಇದೆ. ನಮ್ಮ ಯಜಮಾನರು ಹೇಳೋದು, ಭಾನುವಾರ ಬೆಳಿಗ್ಗೆ ಬಾರ್ಸಿಲೋನಾದಲ್ಲಿ ಇಳಿದು ನೇರ ಹಡಗು ಹತ್ತೋಣ, ಐದೂ ರಾತ್ರಿ ರೋಮ್‌ಗೇ ಇಟ್ಕೊಳ್ಳೋಣ ಅಂತ. ನನಗೆ ಸಗ್ರಾದಾ ಫಮೀಲಿಯಾ ಚರ್ಚು ನೋಡ್ಲೇಬೇಕು. ಮಾವನಿಗೆ ಮಂಡಿನೋವು. ಅತ್ತೆ ಮೊಟ್ಟೆಯನ್ನೂ ತಿನ್ನಲ್ಲ. ಹೇಗೆ ಹಂಚಿಕೊಳ್ಳೋದು?

ಉತ್ತರ (ಪ್ರವಾಸ ಯೋಜಕಿ, ಬೆಂಗಳೂರು):
ನಮಸ್ಕಾರ. ಈ ಒಂದು ವಿಷಯದಲ್ಲಿ ಯಜಮಾನರ ಮಾತು ಕೇಳಬೇಡಿ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಎರಡು ಕುಟುಂಬಕ್ಕೆ ಇದೇ ಥರ ಅದೇ ದಿನದ ವಿಮಾನ ಹಾಕಿಕೊಟ್ಟಿದ್ದೆ. ನಡುವೆ ವಿಮಾನ ಬದಲಿಸೋ ಊರಲ್ಲಿ ಐದು ಗಂಟೆ ತಡವಾಯ್ತು. ಅವರು ಟ್ಯಾಕ್ಸಿಯಲ್ಲಿ ಬಂದರಿಗೆ ಬರೋ ಹೊತ್ತಿಗೆ ಹಡಗಿನ ಬಾಗಿಲು ಹಾಕಿ ಆಗಿತ್ತು. ಮರುದಿನ ಬೆಳಿಗ್ಗೆ ಸ್ವಂತ ಖರ್ಚಲ್ಲಿ ಪಾಲ್ಮಾಕ್ಕೆ ಹಾರಿ ಹಡಗು ಹಿಡಿದರು. ಆ ರಾತ್ರಿ ನನಗೆ ಬಂದ ಫೋನುಗಳನ್ನ ಇವತ್ತಿಗೂ ಮರೆತಿಲ್ಲ. ಐದಕ್ಕೆ ಹೊರಡೋ ಹಡಗು ಐದರವರೆಗೆ ಹತ್ತಿಸಿಕೊಳ್ಳಲ್ಲ, ಒಂದು ಒಂದೂವರೆ ಗಂಟೆ ಮುಂಚೆಯೇ ಚೆಕ್-ಇನ್ ಮುಗಿಸುತ್ತೆ.

ಸೂಟ್‌ಕೇಸ್ ಕಥೆ ಇನ್ನೂ ಒಂದು. ವಿಮಾನದಲ್ಲಿ ತಪ್ಪಿಹೋದ ಪೆಟ್ಟಿಗೆ ಬಹಳಷ್ಟು ಸಲ ಒಂದೆರಡು ದಿನದಲ್ಲಿ ಸಿಗುತ್ತೆ. ನೀವು ಹೋಟೆಲಲ್ಲಿದ್ದರೆ ಹೋಟೆಲಿಗೆ ತಂದುಕೊಡ್ತಾರೆ. ಹಡಗಲ್ಲಿದ್ದರೆ ಅದು ನಿಮ್ಮ ಹಿಂದೆ ಊರೂರು ಅಲೆಯುತ್ತೆ, ಮಾವನ ಮಾತ್ರೆ ಡಬ್ಬಿ ಸಮೇತ.

ನನ್ನ ಲೆಕ್ಕ ಸರಳ: ಹಡಗಿಗೆ ಮುಂಚಿನ ದಿನಗಳು ಹಡಗಿನವು, ಆಮೇಲಿನವು ನಿಮ್ಮವು. ಶುಕ್ರವಾರ ಮಧ್ಯಾಹ್ನ ಬಾರ್ಸಿಲೋನಾ ತಲುಪಿ, ಅಲ್ಲಿ ಎರಡು ರಾತ್ರಿ. ರೋಮ್‌ನಲ್ಲಿ ಮೂರು ರಾತ್ರಿ, ಬುಧವಾರ ವಾಪಸ್.

ಶುಕ್ರವಾರ ಯಾವ ಟಿಕೆಟ್ಟೂ ಬುಕ್ ಮಾಡಬೇಡಿ. ಬೇಸಿಗೆಯಲ್ಲಿ ನಮಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ರಾತ್ರಿ ಒಂಬತ್ತಾದರೆ ನಿಮ್ಮ ಮೈಗೆ ಹನ್ನೆರಡೂವರೆ. ಜೂನ್‌ನಲ್ಲಿ ಒಂಬತ್ತು ದಾಟಿದರೂ ಬೆಳಕಿರುತ್ತೆ, ಊರಿನವರು ಊಟಕ್ಕೆ ಕೂರೋದೇ ಆಮೇಲೆ. ಪ್ಲಾಸಾ ಕತಲುನ್ಯ ಅಥವಾ ಎಶಾಂಪ್ಲಾ ಕಡೆ ಹೋಟೆಲ್ ಹಿಡೀರಿ. ಅಲ್ಲಿ ರಸ್ತೆ ಸಮತಟ್ಟು, ವಿಮಾನ ನಿಲ್ದಾಣದ ಬಸ್ಸೂ ಪ್ಲಾಸಾ ಕತಲುನ್ಯಕ್ಕೇ ಬರುತ್ತೆ. ಸಂಜೆ ಪಸೇಜ್ ದೆ ಗ್ರಾಸಿಯಾದಲ್ಲಿ ಹಾಗೇ ಅಡ್ಡಾಡಿ, ವಾಸ್ತುಶಿಲ್ಪಿ ಗೌಡಿ ಹೊಸ ರೂಪ ಕೊಟ್ಟ ಕಾಸಾ ಬತ್ಯೊ ಅನ್ನೋ ಮನೆಯನ್ನ ಹೊರಗಿಂದ ನೋಡಿ ಮಲಗಿಬಿಡಿ.

ಶನಿವಾರ ಮುಂಜಾನೆ ಹಿರಿಯರಿಗೆ ನಾಲ್ಕಕ್ಕೇ ಎಚ್ಚರ ಆಗಿರುತ್ತೆ. ಅದನ್ನೇ ಲಾಭ ಮಾಡ್ಕೊಳ್ಳಿ. ಸಗ್ರಾದಾ ಫಮೀಲಿಯಾಗೆ ದಿನದ ಮೊದಲ ಸ್ಲಾಟ್ ಆನ್‌ಲೈನಲ್ಲಿ ತಗೊಳ್ಳಿ, ಜೂನ್‌ನಲ್ಲಿ ಅಲ್ಲಿಗೆ ಹೋಗಿ ಟಿಕೆಟ್ ಕೇಳ್ತೀನಿ ಅಂದ್ರೆ ಆಗಲ್ಲ. 1882ರಲ್ಲಿ ಶುರುವಾದ ಚರ್ಚು ಅದು. ಅದನ್ನ ರೂಪಿಸಿದ ಗೌಡಿ 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡ, ಸಮಾಧಿ ಅದರ ನೆಲಮಾಳಿಗೆಯಲ್ಲೇ ಇದೆ. ಪೂರ್ವದ ಗಾಜುಗಳು ನೀಲಿ ಹಸಿರು, ಪಶ್ಚಿಮದವು ಕೆಂಪು ಕಿತ್ತಳೆ. ಹಾಗಾಗಿ ಬೆಳಿಗ್ಗೆ ಹೋದವರಿಗೆ ಒಳಗೆಲ್ಲ ತಂಪು ಬಣ್ಣ, ಸಂಜೆ ಹೋದವರಿಗೆ ಬೆಂಕಿ ಬಣ್ಣ. ಸಂಜೆ ಇನ್ನೂ ಚಂದ ಅಂತ ನನ್ನ ಅಭಿಪ್ರಾಯ. ಆದರೆ ನಿಮ್ಮ ಮನೆಯವರಿಗೆ ಬೆಳಿಗ್ಗೆಯೇ ಸರಿ. ಮಾವ ಒಳಗೆ ಬೆಂಚಿನ ಮೇಲೆ ಕೂತು ಎಷ್ಟು ಹೊತ್ತು ಬೇಕಾದ್ರೂ ನೋಡಬಹುದು. ಗೋಪುರ ಹತ್ತೋ ಟಿಕೆಟ್ ಬೇಡ, ಲಿಫ್ಟಲ್ಲಿ ಹೋದರೂ ಇಳಿಯೋದು ಸುರುಳಿ ಮೆಟ್ಟಿಲಲ್ಲಿ. ಪಾರ್ಕ್ ಗ್ವೆಲ್ ಕೈಬಿಡಿ, ಅದು ಗುಡ್ಡ. ಬೊಕೇರಿಯಾ ಮಾರ್ಕೆಟ್ ಭಾನುವಾರ ಮುಚ್ಚಿರುತ್ತೆ, ಹಾಗಾಗಿ ಅದೂ ಶನಿವಾರವೇ. ಪಕ್ಕದ ರಾಂಬ್ಲಾ ರಸ್ತೆಯಲ್ಲಿ ಜೇಬುಗಳ್ಳರ ಕಾಟ, ಪರ್ಸ್ ಹಿಂದಿನ ಜೇಬಲ್ಲಿ ಬೇಡ.

ಭಾನುವಾರ ತಿಂಡಿ ಮುಗಿಸಿ ಗೋಥಿಕ್ ಕ್ವಾರ್ಟರ್‌ನ ಓಣಿಗಳಲ್ಲಿ ಒಂದು ಸುತ್ತು, ಹನ್ನೆರಡಕ್ಕೆ ಬಂದರು. ಮಧ್ಯಾಹ್ನದ ಊಟ ಹಡಗಲ್ಲೇ ಆಗುತ್ತೆ, ದುಡ್ಡು ಕೊಟ್ಟಾಗಿದೆಯಲ್ಲ! ಟ್ಯಾಕ್ಸಿಯವನಿಗೆ ಟರ್ಮಿನಲ್‌ನ ಹೆಸರೋ ಅಕ್ಷರವೋ ಸರಿಯಾಗಿ ಹೇಳಬೇಕು. ದೊಡ್ಡ ಹಡಗುಗಳು ನಿಲ್ಲೋದು ಹೆಚ್ಚಾಗಿ ಮೊಲ್ ಅದೊಸಾತ್ ಅನ್ನೋ ಕಟ್ಟೆಯ ಮೇಲೆ, ಅದು ಸೇತುವೆ ದಾಟಿ ಆಚೆ. ಮ್ಯಾಪಲ್ಲಿ ಕೊಲಂಬಸ್ ಕಂಬದಿಂದ ಹತ್ತಿರ ಕಾಣುತ್ತೆ ಅಂತ ಪೆಟ್ಟಿಗೆ ಎಳೆದುಕೊಂಡು ನಡೆಯೋಕೆ ಹೊರಡಬೇಡಿ. ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿಯಲ್ಲಿ ನಾಲ್ಕೇ ಜನ. ಐದು ಜನಕ್ಕೆ ದೊಡ್ಡ ಗಾಡಿ ಅಂತ ಹೋಟೆಲಿನವರಿಗೆ ಹಿಂದಿನ ದಿನವೇ ಹೇಳಿಡಿ.

ಪ್ರಶ್ನೆ (ಅದೇ ಸದಸ್ಯೆ):
ತುಂಬಾ ಥ್ಯಾಂಕ್ಸ್ ಮೇಡಂ. ಯಜಮಾನರು ಓದಿ ಸುಮ್ಮನಾದ್ರು. ವೀಸಾ ಬಗ್ಗೆ ಒಂದು ಗೊಂದಲ. ಇಲ್ಲೊಬ್ಬ ಏಜೆಂಟ್, ಮೊದಲು ಇಳಿಯೋದು ಸ್ಪೇನ್ ಆದ್ರಿಂದ ಸ್ಪೇನ್ ವೀಸಾನೇ ಹಾಕಬೇಕು ಅಂತಿದ್ದಾರೆ.

ಉತ್ತರ:
ಮೊದಲು ಇಳಿಯೋ ದೇಶದ ಲೆಕ್ಕ ಬರೋದು ದಿನಗಳು ಸಮ ಆದಾಗ ಮಾತ್ರ. ಸ್ಪೇನ್, ಫ್ರಾನ್ಸ್, ಇಟಲಿ ಮೂರಕ್ಕೂ ನಡೆಯೋದು ಒಂದೇ ಷೆಂಗೆನ್ ವೀಸಾ, ಹೆಚ್ಚು ದಿನ ಯಾವ ದೇಶವೋ ಆ ದೇಶಕ್ಕೆ ಅರ್ಜಿ. ಬೆರಳು ಮಡಚಿ ಎಣಿಸಿ: ಶುಕ್ರ, ಶನಿ, ಭಾನು, ಜೊತೆಗೆ ಸೋಮವಾರ ಪಾಲ್ಮಾ, ಸ್ಪೇನ್‌ಗೆ ನಾಲ್ಕು. ಮಾರ್ಸೇ, ಫ್ರಾನ್ಸ್‌ಗೆ ಒಂದು. ಜಿನೋವಾ, ಫ್ಲಾರೆನ್ಸ್, ನೇಪಲ್ಸ್, ಆಮೇಲೆ ರೋಮ್‌ನ ಭಾನುವಾರದಿಂದ ಬುಧವಾರ, ಇಟಲಿಗೆ ಏಳು. ನಿಮ್ಮದು ಇಟಲಿ ಅರ್ಜಿ. ಆ ವೀಸಾ ಹಿಡಿದು ಬಾರ್ಸಿಲೋನಾದಲ್ಲಿ ಇಳಿಯೋದಕ್ಕೆ ಯಾವ ಅಡ್ಡಿಯೂ ಇಲ್ಲ. ಹಡಗಿನ ದಿನವಾರು ಪಟ್ಟಿ ಮತ್ತು ಹೋಟೆಲ್ ಬುಕಿಂಗ್ ಜೊತೆಗಿಡಿ. 30,000 ಯೂರೊ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ಶುಲ್ಕ ದೊಡ್ಡವರಿಗೆ 90 ಯೂರೊ, ಮಗನಿಗೆ 45, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ನೂಕುನುಗ್ಗಲಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಅದಕ್ಕೆ ಬೇಗ ಅರ್ಜಿ ಶುರು ಮಾಡಿ.

ನಿಮ್ಮ ಹಡಗು ಷೆಂಗೆನ್ ದೇಶಗಳ ಒಳಗೇ ಸುತ್ತುತ್ತೆ. ಟರ್ಕಿಗೋ ಟುನೀಷಿಯಾಕ್ಕೋ ಹೋಗೋ ಹಡಗಾದರೆ ಮಲ್ಟಿಪಲ್ ಎಂಟ್ರಿ (ಹೊರಗೆ ಹೋಗಿ ಮತ್ತೆ ಒಳಗೆ ಬರೋಕೆ ಬಿಡೋ) ವೀಸಾ ಇಲ್ಲದೆ ವಾಪಸ್ ಬರೋಕಾಗಲ್ಲ.

ಇನ್ನೊಂದು ಮಾತು. ನಿಮ್ಮ ಪಟ್ಟಿಯಲ್ಲಿ ‘ಫ್ಲಾರೆನ್ಸ್’, ‘ರೋಮ್’ ಅಂತಿದೆ. ಫ್ಲಾರೆನ್ಸ್‌ಗೆ ಸಮುದ್ರವೇ ಇಲ್ಲ! ಹಡಗು ನಿಲ್ಲೋದು ಲಿವೊರ್ನೊದಲ್ಲಿ, ಅಲ್ಲಿಂದ ಫ್ಲಾರೆನ್ಸ್ ಸುಮಾರು 90 ಕಿ.ಮೀ. ‘ರೋಮ್’ ಅಂದ್ರೆ ಚಿವಿತಾವೆಕ್ಕಿಯಾ, ಅದೂ ಊರಿಂದ 70 ಕಿ.ಮೀ. ಮೇಲೆ. ಮೈಸೂರು ಅಂತ ಹೇಳಿ ಚನ್ನಪಟ್ಟಣದಲ್ಲಿ ಇಳಿಸಿದ ಹಾಗೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಅಕ್ಕಾರ, ನಡುವ ಬಂದೆ. ನಮ್ಮ ಕ್ರೂಸ್ ವೆನಿಸ್‌ನಿಂದ ಅಂತ ಬರದಾರ, ಆದ್ರ ಟಿಕೆಟಿನ್ಯಾಗ ‘ರವೆನ್ನಾ’ ಅಂತ ಐತಿ. ಇದೇನ್ರಿ?

ಉತ್ತರ:
ಟಿಕೆಟ್ಟೇ ನಿಜ ಸರ್. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ವೆನಿಸ್‌ನ ಸಾನ್ ಮಾರ್ಕೊ ಚೌಕದ ಮುಂದೆ ಹಾಯೋ ಹಾಗಿಲ್ಲ, ಸರ್ಕಾರ ನಿಷೇಧಿಸಿದೆ. ಅದಕ್ಕೇ ಎಷ್ಟೋ ಹಡಗು ರವೆನ್ನಾ ಅಥವಾ ತ್ರಿಯೆಸ್ತೆಯಿಂದ ಹೊರಡ್ತವೆ. ರವೆನ್ನಾದಿಂದ ವೆನಿಸ್‌ಗೆ ರಸ್ತೆಯಲ್ಲಿ ಎರಡೂವರೆ ಗಂಟೆ ಹಿಡೀರಿ. ವೆನಿಸ್ ನೋಡಬೇಕಂದ್ರೆ ಎರಡು ರಾತ್ರಿ ಅಲ್ಲೇ ಉಳಿದು, ಹಡಗಿನ ದಿನ ಬೆಳಿಗ್ಗೆಯೇ ರವೆನ್ನಾಕ್ಕೆ ಹೊರಡಿ. ವೆನಿಸ್‌ನಲ್ಲಿ ಸೇತುವೆ ಅಂದ್ರೆ ಮೆಟ್ಟಿಲು, ಪೆಟ್ಟಿಗೆ ಸಣ್ಣದಿರಲಿ.

ಪ್ರತಿಕ್ರಿಯೆ (ಉಡುಪಿ ಕಡೆಯ ಸದಸ್ಯರು, ಹಡಗಲ್ಲಿ ಒಂಬತ್ತು ವರ್ಷ ಕೆಲಸ):
ಇಳಿಯುವ ದಿನದ ಬಗ್ಗೆ ನಾನು ಸ್ವಲ್ಪ ಹೇಳ್ತೇನೆ. ಹಿಂದಿನ ರಾತ್ರಿ ದೊಡ್ಡ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ಕ್ಯಾಬಿನ್ ಹೊರಗೆ ಇಡ್ಲಿಕ್ಕುಂಟು. ನಾವು ಅದನ್ನು ತೆಗೆದುಕೊಂಡು ಹೋಗ್ತೇವೆ, ಬೆಳಿಗ್ಗೆ ದಡದಲ್ಲಿ ಸಿಗ್ತದೆ. ಮರುದಿನ ಹಾಕುವ ಬಟ್ಟೆ, ಪಾಸ್‌ಪೋರ್ಟ್, ಮಾತ್ರೆ, ಚಪ್ಪಲಿ ಇದೆಲ್ಲ ಕೈಚೀಲದಲ್ಲಿ ಇರಬೇಕು ಮಾರಾಯ್ರೆ. ಎಲ್ಲವನ್ನೂ ತುಂಬಿಸಿಟ್ಟು ಬೆಳಿಗ್ಗೆ ನೈಟ್‌ಡ್ರೆಸ್ಸಿನಲ್ಲೇ ಇಳಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಒಬ್ಬರಲ್ಲ ಇಬ್ಬರಲ್ಲ. ಅವಸರ ಇಲ್ಲದಿದ್ದರೆ ಕೊನೆಯ ಬ್ಯಾಚಿನ ಟ್ಯಾಗ್ ಕೇಳಿ, ನಿಧಾನಕ್ಕೆ ತಿಂಡಿ ತಿಂದು ಇಳಿಯಬಹುದು.

ಪ್ರಶ್ನೆ (ಮೈಸೂರಿನ ಸದಸ್ಯೆ):
ಹಹ್ಹಾ, ಮಾವನಿಗೆ ಓದಿ ಹೇಳಿದೆ. ಮೇಡಂ, ಚಿವಿತಾವೆಕ್ಕಿಯಾದಿಂದ ರೋಮ್‌ಗೆ ಟ್ರೈನಾ, ಕಾರಾ? ಅಲ್ಲಿ ಮೂರು ದಿನ ಹೇಗೆ?

ಉತ್ತರ:
ಇಬ್ಬರೇ ಇದ್ದಿದ್ದರೆ ಕಣ್ಮುಚ್ಚಿ ಟ್ರೈನ್ ಅಂತಿದ್ದೆ. ಒಂದು ಗಂಟೆ ಚಿಲ್ಲರೆಯ ದಾರಿ, ಟಿಕೆಟ್ಟೂ ಅಗ್ಗ. ಆದರೆ ಹಡಗಿಂದ ಬಂದರಿನ ಬಸ್ಸಲ್ಲಿ ಲಾರ್ಗೊ ದೆಲ್ಲಾ ಪಾಚೆ ಅನ್ನೋ ಬಸ್ ನಿಲ್ದಾಣ, ಅಲ್ಲಿಂದ ಇನ್ನೊಂದು ಬಸ್ಸಲ್ಲಿ ಸ್ಟೇಷನ್, ಆಮೇಲೆ ಪ್ಲಾಟ್‌ಫಾರಂ ಮೆಟ್ಟಿಲು, ರೋಮ್‌ನಲ್ಲಿ ಮತ್ತೆ ಟ್ಯಾಕ್ಸಿ. ಮಂಡಿನೋವಿನವರು, ಮಗು, ಐದು ಪೆಟ್ಟಿಗೆ. ಮುಂಚೆಯೇ ಒಟ್ಟು ಮೊತ್ತ ಬರೆಸಿಕೊಂಡು ವ್ಯಾನ್ ಮಾಡಿ, ಬಾಗಿಲಿಂದ ಬಾಗಿಲಿಗೆ.

ಭಾನುವಾರ ರೋಮ್ ತಲುಪಿ ಪೆಟ್ಟಿಗೆ ಹೋಟೆಲಲ್ಲಿಟ್ಟು ಊಟ, ನಿದ್ದೆ. ಬಿಸಿಲು ಇಳಿದ ಮೇಲೆ ತ್ರೆವಿ ಕಾರಂಜಿ, ಪ್ಯಾಂಥಿಯನ್ ಹೊರನೋಟ, ಪಿಯಾತ್ಸಾ ನವೋನಾ. ಎಲ್ಲ ಹತ್ತಿರ ಹತ್ತಿರ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ಮುಚ್ಚಿರುತ್ತೆ. ಅದಕ್ಕೇ ಸೋಮವಾರ ಅಲ್ಲಿ ಜಾತ್ರೆ. ಸೋಮವಾರ ಕೊಲೋಸಿಯಂ, ಪಕ್ಕದಲ್ಲೇ ಇರೋ ಹಳೇ ರೋಮ್‌ನ ಅವಶೇಷ ಫೋರಂ ಇಟ್ಕೊಳ್ಳಿ, ವ್ಯಾಟಿಕನ್ ಮಂಗಳವಾರ ಬೆಳಿಗ್ಗೆ. ಬುಧವಾರ ಬೆಳಿಗ್ಗೆ ಪೋಪ್ ದರ್ಶನದ ಸಭೆ ಇದ್ದರೆ ಸೇಂಟ್ ಪೀಟರ್ಸ್ ಚರ್ಚಿನ ಒಳಗೆ ಹೋಗೋದು ಕಷ್ಟ, ಅದನ್ನೂ ಮಂಗಳವಾರವೇ ಮುಗಿಸಿ. ಭುಜ, ಮಂಡಿ ಮುಚ್ಚಿರಬೇಕು. ಸೀರೆ ಉಟ್ಟ ಅತ್ತೆಗೆ ಚಿಂತೆಯಿಲ್ಲ. ಚಡ್ಡಿ ಹಾಕಿದ ಯಜಮಾನರನ್ನ ಮಾತ್ರ ಬಾಗಿಲಲ್ಲೇ ನಿಲ್ಲಿಸ್ತಾರೆ.

ಕೊಲೋಸಿಯಂ ಟಿಕೆಟಲ್ಲಿ ಹೆಸರು ಇರುತ್ತೆ, ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಬರೆಯಿರಿ. ಫೋರಂ ಒಳಗೆ ಎರಡು ಸಾವಿರ ವರ್ಷದ ಕಲ್ಲುಹಾಸು, ಮಾವ ಮೇಲಿನ ರಸ್ತೆಯಿಂದ ನೋಡಿದರೆ ಸಾಕು, ಅಲ್ಲಿಂದಲೂ ಚೆನ್ನಾಗಿ ಕಾಣುತ್ತೆ. ಬಾಟಲಿ ಖಾಲಿಯಾದ ಹಾಗೆ ಬೀದಿ ನಲ್ಲಿಗಳಲ್ಲಿ ತುಂಬಿಸಿಕೊಳ್ಳಿ, ನೀರು ಸದಾ ಹರೀತಿರುತ್ತೆ, ಕುಡಿಯೋಕೆ ಒಳ್ಳೇದು. ಎರಡೂ ಊರಲ್ಲಿ ಹೋಟೆಲಿನವರು ತಲೆಗೆ ಇಷ್ಟು ಅಂತ ನಗರ ತೆರಿಗೆ ಬೇರೆ ಕೇಳ್ತಾರೆ, ಮೋಸ ಅಂದ್ಕೋಬೇಡಿ.

ಪ್ರತಿಕ್ರಿಯೆ (ರೋಮ್‌ನಲ್ಲಿ ಓದುತ್ತಿರುವ ದಾವಣಗೆರೆಯ ಸದಸ್ಯ):
ಅಕ್ಕ, ಊಟದ್ದು ನಾನು ಹೇಳ್ತೀನಿ. ಇಲ್ಲಿ ‘ಫಿಯೋರಿ ದಿ ಝುಕ್ಕಾ’ ಅಂತ ಕುಂಬಳ ಹೂವಿನ ಬಜ್ಜಿ ಸಿಗುತ್ತೆ. ನೋಡೋಕೆ ನಮ್ಮದೇ, ಒಳಗೆ ಚೀಸ್ ಜೊತೆ ಸಣ್ಣ ಮೀನು! ನಾನು ಮೊದಲನೇ ವಾರವೇ ಏಮಾರಿದೆ. ಬಾರ್ಸಿಲೋನಾಕ್ಕೆ ಹೋದಾಗ ‘ವೆಜಿಟಲ್’ ಸ್ಯಾಂಡ್‌ವಿಚ್‌ನಲ್ಲೂ ಟ್ಯೂನಾ, ಮೊಟ್ಟೆ ಇತ್ತು. ನಿಮ್ಮ ಅತ್ತೆಯವರಿಗೆ ಪಿಜ್ಜಾ ಮರಿನಾರಾ ಹೇಳಿ: ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ. ಮಂಡಿನೋವಿನವರಿಗೆ ಟ್ರೈನ್ ಬೇಡ ಅಂದಿದ್ದೂ ಸರಿ. ಟ್ರೈನೇ ಹತ್ತೋರು ಕಾಗದದ ಟಿಕೆಟನ್ನ ಪ್ಲಾಟ್‌ಫಾರಂನ ಮೆಷಿನ್ನಲ್ಲಿ ಮುದ್ರೆ ಹಾಕಿಸಿ, ಇಲ್ಲಾಂದ್ರೆ ದಂಡ.

ಪ್ರಶ್ನೆ (ಮೈಸೂರಿನ ಸದಸ್ಯೆ):
ಅತ್ತೆ ಇದನ್ನ ಕೇಳಿ, ಚಟ್ನಿಪುಡಿ, ಒಂದು ಡಬ್ಬಿ ತುಪ್ಪ, ಹತ್ತು ಮಾವಿನಹಣ್ಣು ಕಟ್ಟಿಕೊಳ್ತೀನಿ ಅಂತ ಕೂತಿದ್ದಾರೆ. ನಡೆಯುತ್ತಾ?

ಉತ್ತರ:
ಚಟ್ನಿಪುಡಿ, ಅವಲಕ್ಕಿ ಆಗುತ್ತೆ. ಹಾಲಿನ ಪದಾರ್ಥ ಹೊರಗಿಂದ ಯುರೋಪಿನ ಒಕ್ಕೂಟಕ್ಕೆ ತರೋ ಹಾಗಿಲ್ಲ, ಹಾಗಾಗಿ ತುಪ್ಪ ಬೇಡ, ಪೇಡ ಬೇಡ. ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ, ಅದನ್ನ ಮನೆಯಲ್ಲೇ ತಿಂದು ಹೊರಡಲಿ. ಚಟ್ನಿಪುಡಿಯನ್ನೂ ಹಡಗು ಹತ್ತೋ ಮುಂಚೆ ನಿಯಮ ಓದಿ ಒಯ್ಯಿರಿ, ಮನೆಯಲ್ಲಿ ಮಾಡಿದ್ದನ್ನ ಬಿಡದ ಹಡಗುಗಳೂ ಇವೆ.

ಪ್ರಶ್ನೆ (ಅದೇ ಸದಸ್ಯೆ):
ತುಪ್ಪ ಇಲ್ದೆ ಚಟ್ನಿಪುಡಿ ಹೇಗೆ ಅಂತ ಕೇಳ್ತಿದ್ದಾರೆ ಮೇಡಂ.

ಉತ್ತರ:
ಇಳಿಯೋದೇ ಆಲಿವ್ ಎಣ್ಣೆಯ ಊರಲ್ಲಿ ಅಂತ ಹೇಳಿ. ಒಂದು ಸಲ ಕಲಸಿಕೊಂಡು ನೋಡಲಿ.