ಒಂದು ಶಾಲೆಯ ವಿಳಾಸ ಕೊಡು

ನಮ್ಮ ಹೈಸ್ಕೂಲಿನ 1991ರ ಎಸ್ಸೆಸ್ಸೆಲ್ಸಿ ತಂಡಕ್ಕೊಂದು ವಾಟ್ಸಾಪ್ ಗುಂಪಿದೆ. ನಮಗೆ ಕನ್ನಡ ಕಲಿಸಿದ ಮೇಷ್ಟ್ರು ಅದಕ್ಕೆ ಸೇರಿದಂದಿನಿಂದ, ಕನ್ನಡ ಲಿಪಿಯಲ್ಲಿ ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬ ಕಟ್ಟಳೆಯನ್ನು ನಾವೇ ಮಾಡಿಕೊಂಡಿದ್ದೇವೆ. 2025ರ ಮಾರ್ಚ್ 17, ಸೋಮವಾರ, ಪುನೀತ್ ರಾಜ್‌ಕುಮಾರ್ ಇದ್ದಿದ್ದರೆ ಐವತ್ತು ತುಂಬುತ್ತಿದ್ದ ದಿನ, ಅಲ್ಲಿ ನಡೆದ ಮಾತುಗಳನ್ನು ಗೆಳೆಯರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಇಲ್ಲಿ ಕೊಡುತ್ತಿದ್ದೇನೆ. ಬೆಳಗ್ಗೆ ಏಳರೊಳಗೆ ಗಿರೀಶ ಕಳುಹಿಸಿದ ಒಂದು ಫಾರ್ವರ್ಡ್‌ನಿಂದ ಎಲ್ಲವೂ ಶುರುವಾಯಿತು.

ಗಿರೀಶ (ಫಾರ್ವರ್ಡ್): ಇವರು ನಡೆಸುತ್ತಿದ್ದದ್ದು 45 ಉಚಿತ ಶಾಲೆಗಳು, 26 ಅನಾಥಾಶ್ರಮಗಳು, 16 ವೃದ್ಧಾಶ್ರಮಗಳು, 19 ಗೋಶಾಲೆಗಳು. ಓದಿಸುತ್ತಿದ್ದದ್ದು 1800 ಮಕ್ಕಳನ್ನು. ಒಂದು ದಿನವೂ ಹೇಳಿಕೊಳ್ಳಲಿಲ್ಲ. ನೀವು ನಿಜವಾದ ಅಭಿಮಾನಿಯಾಗಿದ್ದರೆ ಹತ್ತು ಗುಂಪುಗಳಿಗೆ ಕಳುಹಿಸಿ.

ಸಿದ್ದರಾಜು: ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ. ನಾನು ಈಗಾಗಲೇ ಹದಿನಾಲ್ಕು ಗುಂಪುಗಳಿಗೆ ಕಳುಹಿಸಿದ್ದೇನೆ.

ನಾಗರತ್ನ: ಗಿರೀಶ, 2021ರ ನವೆಂಬರಿನಲ್ಲಿಯೂ ನೀನು ಇದೇ ಪಟ್ಟಿಯನ್ನು ಇಲ್ಲಿಗೆ ಕಳುಹಿಸಿದ್ದೆ, ಆಗಲೂ ನಾನು ಇದೇ ಪ್ರಶ್ನೆ ಕೇಳಿದ್ದೆ. ಶಾಲೆ ಎಂದರೆ ಅದಕ್ಕೆ ಮಾನ್ಯತೆ ಇರುತ್ತದೆ, ಮುಖ್ಯೋಪಾಧ್ಯಾಯರಿರುತ್ತಾರೆ, ಹಾಜರಿ ಪುಸ್ತಕವಿರುತ್ತದೆ, ಬಾಗಿಲ ಮೇಲೊಂದು ಫಲಕವಿರುತ್ತದೆ. ನಲವತ್ತೈದು ಬೇಡ, ಒಂದು ಶಾಲೆಯ ವಿಳಾಸ ಕೊಡು.

ಗಿರೀಶ: ತಮಿಳು ನಟ ವಿಶಾಲ್ ಅವರು ವೇದಿಕೆಯ ಮೇಲೆಯೇ ಆ 1800 ಮಕ್ಕಳ ಓದಿನ ಹೊಣೆಯನ್ನು ತಾನು ಹೊರುತ್ತೇನೆಂದು ಹೇಳಲಿಲ್ಲವೇ? ಇಡೀ ದೇಶ ನೋಡಿದೆ.

ನಾಗರತ್ನ: ಹೊರುತ್ತೇನೆಂದದ್ದು ಅವರ ದೊಡ್ಡ ಮನಸ್ಸು. ಆ ಮಾತು ನಿನ್ನ ಪಟ್ಟಿಯ ಉಳಿದ ನಾಲ್ಕು ಸಂಖ್ಯೆಗಳಿಗೆ ದಾಖಲೆಯಾಗುವುದಿಲ್ಲ.

ಸಿದ್ದರಾಜು: ತೀರಿಕೊಂಡವರ ಬಳಿ ಲೆಕ್ಕ ಕೇಳುವುದು ನಮ್ಮ ಕಡೆಯ ಸಂಸ್ಕಾರವಲ್ಲ, ನಾಗರತ್ನ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಬದುಕಿದವರು ವಿಳಾಸ ಬರೆದಿಟ್ಟು ಹೋಗುತ್ತಾರೆಯೇ?

ಗಿರೀಶ: ಅವಳು ಕೇಳುವುದೇ ಹಾಗೆ. 2016ರ ಬೆಳ್ಳಿಹಬ್ಬದ ಸಮಾವೇಶದಲ್ಲಿ ಶಾಮಿಯಾನದ ರಸೀದಿ ಒಂದು ಕಳೆದುಹೋಯಿತೆಂದು ನನ್ನನ್ನು ಎಲ್ಲರೆದುರು ನಿಲ್ಲಿಸಿದ್ದಳು. ಒಂಬತ್ತನೆಯ ತರಗತಿಯಲ್ಲಿ ಮಾನಿಟರ್ ಆಗಿದ್ದಾಗ ಕಪ್ಪುಹಲಗೆಯ ಮೇಲೆ ನನ್ನ ಹೆಸರು ಬರೆಯುತ್ತಿದ್ದ ಕೈಯೇ ಇದು.

ನಾಗರತ್ನ: ರಸೀದಿ ಕೊನೆಗೂ ಸಿಗಲಿಲ್ಲ ಎಂಬುದನ್ನೂ ಬರೆ.

ಮೇಷ್ಟ್ರು: ಮಕ್ಕಳೇ, ಹಳೆಯ ಜಗಳ ಬಿಡಿ. ಬಣ್ಣ ಹಚ್ಚುವವರನ್ನೂ ಬ್ಯಾಟು ಹಿಡಿಯುವವರನ್ನೂ ದೇವರನ್ನಾಗಿ ಮಾಡುವುದು ನಿಮ್ಮ ತಲೆಮಾರಿಗೆ ಹಿಡಿದ ರೋಗವೆಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಸಂಸ್ಕೃತದಲ್ಲಿ ಅಭಿಮಾನವೆಂದರೆ ‘ನಾನು, ನನ್ನದು’ ಎಂಬ ಹೆಮ್ಮೆ, ಗರ್ವ. ಅದೇ ಪದ ನಮ್ಮ ಮಾತಿಗೆ ಬಂದ ಮೇಲೆ ಪ್ರೀತಿಯೂ ಗೌರವವೂ ಆಯಿತು. ರಾಜ್‌ಕುಮಾರ್ ಅವರು ಜನರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದಾಗ ಆ ಪದಕ್ಕೆ ಇನ್ನೂ ಒಂದು ಮೆಟ್ಟಿಲು ಸಿಕ್ಕಿತು. ನೀವು ಬೆಳಗ್ಗಿನಿಂದ ಆಡುತ್ತಿರುವ ಮಾತಿನಲ್ಲಿ ಪ್ರೀತಿಗಿಂತ ‘ನನ್ನದು’ ಎಂಬುದೇ ಹೆಚ್ಚು ಕೇಳಿಸುತ್ತಿದೆ. ತಂದೆತಾಯಿಯರನ್ನು ನೋಡಿಕೊಳ್ಳಿ, ಅದಕ್ಕಿಂತ ದೊಡ್ಡ ಅಭಿಮಾನವಿಲ್ಲ.

ಪ್ರಕಾಶ: ಮೇಷ್ಟ್ರೇ, ನಾನು ಇಪ್ಪತ್ತು ವರ್ಷಗಳಿಂದ ದುಬೈಯಲ್ಲಿದ್ದೇನೆ, ಆದರೂ ಪುನೀತ್ ಹೆಸರು ಕಿವಿಗೆ ಬಿದ್ದರೆ ಸಂತೆ ಮೈದಾನದ ಟೆಂಟು ಕಣ್ಣ ಮುಂದೆ ಬರುತ್ತದೆ. ನಾವು ಐದನೆಯ ತರಗತಿಯಲ್ಲಿದ್ದಾಗ ಶಾಲೆಯವರು ನಮ್ಮನ್ನು ಇಬ್ಬಿಬ್ಬರ ಸಾಲು ಮಾಡಿ ‘ಬೆಟ್ಟದ ಹೂವು’ ತೋರಿಸಲು ಕರೆದೊಯ್ದಿದ್ದರು. ಮರಳಿನ ಮೇಲೆ ಕುಳಿತು ನೋಡಿದೆವು, ನಡುವೆ ರೀಲು ಕಡಿದಾಗ ಟೆಂಟಿನ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಪರದೆಯ ಮೇಲಿನ ಹುಡುಗನಿಗೆ ನಮ್ಮಂತೆಯೇ ಚಡ್ಡಿ, ನಮ್ಮಂತೆಯೇ ಕೆದರಿದ ಕೂದಲು. ಅವನು ಕಾಡಿನ ಹೂ ಮಾರಿ ಕೂಡಿಟ್ಟ ಹಣದಲ್ಲಿ, ಆಸೆಪಟ್ಟಿದ್ದ ಪುಸ್ತಕವನ್ನು ಬಿಟ್ಟು ಮನೆಯವರಿಗೆ ಕಂಬಳಿ ಕೊಂಡಾಗ ನನ್ನ ಪಕ್ಕದಲ್ಲಿದ್ದ ಸಿದ್ದರಾಜು ಬಿಕ್ಕಿ ಬಿಕ್ಕಿ ಅತ್ತಿದ್ದ. ಸಿದ್ದ, ನಿನಗೆ ನೆನಪಿದೆಯೇ?

ಸಿದ್ದರಾಜು: ನೆನಪಿದೆ. ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಕಂಬಳಿ.

ರಮೇಶ: ಎಲ್ಲರೂ ಹೂವಿನ ಮಾತಾಡುತ್ತಿರುವಾಗ ನಾನು ಕಲ್ಲಿನ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡ ಮಧ್ಯಾಹ್ನ ಬೆಂಗಳೂರಿನಲ್ಲಿ ನನ್ನ ಜೆರಾಕ್ಸ್ ಅಂಗಡಿಗೆ ಗುಂಪೊಂದು ನುಗ್ಗಿತು. ಬಾಗಿಲೆಳೆಯಲು ನನಗೆ ಎರಡು ನಿಮಿಷ ಸಾಲಲಿಲ್ಲ. ಸಾಲ ಮಾಡಿ ತಂದ ಯಂತ್ರವನ್ನು ಬೀದಿಗೆಳೆದು ಹಾಕಿದರು. ಮರುದಿನ ಗುಂಪಿನ ಕೈಗೆ ಸಿಕ್ಕಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಜೀವವನ್ನೇ ಕಳೆದುಕೊಂಡರು. ನಾನೂ ರಾಜ್‌ಕುಮಾರ್ ಚಿತ್ರ ನೋಡಿಯೇ ಬೆಳೆದವನು, ಆದರೆ ಅಂದಿನಿಂದ ‘ಅಭಿಮಾನಿ’ ಎಂಬ ಪದ ಕೇಳಿದರೆ ಗಾಜು ಒಡೆಯುವ ಶಬ್ದ ಕೇಳಿಸುತ್ತದೆ. ಆ ಯಂತ್ರದ ಕಂತು ಕಟ್ಟಲು ಈ ಗುಂಪಿನ ಕೆಲವರ ಬಳಿ ಕೈಸಾಲ ಕೇಳಿದ್ದೆ, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದೂ ನನಗೆ ಮರೆತಿಲ್ಲ.

ಸಿದ್ದರಾಜು: ಕಲ್ಲೆಸೆದವರು ಅಭಿಮಾನಿಗಳಲ್ಲ. 2021ರಲ್ಲಿ ಪುನೀತ್ ತೀರಿಕೊಂಡಾಗ ಒಂದು ಕಲ್ಲಾದರೂ ನಿನ್ನ ಅಂಗಡಿಗೆ ಬಿತ್ತೇ? ಅಷ್ಟು ಜನ ಸೇರಿದ್ದರು, ಎಲ್ಲರೂ ಸಾಲಿನಲ್ಲಿ ನಿಂತಿದ್ದರು.

ರಮೇಶ: ಬೀಳಲಿಲ್ಲ, ಒಪ್ಪುತ್ತೇನೆ. ಆದರೂ ಮೂರು ದಿನ ಬಾಗಿಲೆಳೆದುಕೊಂಡು ಒಳಗೆ ಕುಳಿತಿದ್ದೆ.

ಸಿದ್ದರಾಜು: ಸಾಲಿನ ಮಾತು ಬಂದಿರುವುದರಿಂದ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತನ್ನು ಹೇಳಿಬಿಡುತ್ತೇನೆ. ಅಕ್ಟೋಬರ್ 29ರ ಶುಕ್ರವಾರ ರಾತ್ರಿ ಅರಸೀಕೆರೆಯಲ್ಲಿ ರೈಲು ಹತ್ತಿ, ಬೆಳಗಿನ ಜಾವ ಬೆಂಗಳೂರಿನಲ್ಲಿಳಿದು, ಕಂಠೀರವ ಕ್ರೀಡಾಂಗಣದವರೆಗೆ ನಡೆದೇ ಹೋದೆ. ಏಳು ಗಂಟೆ ನಿಂತಿದ್ದೆ. ಮುಖ ಕಂಡದ್ದು ಮೂರು ಉಸಿರಿನಷ್ಟು ಹೊತ್ತು, ಅಷ್ಟರಲ್ಲಿ ಪೊಲೀಸರೊಬ್ಬರು ಬೆನ್ನಿನ ಮೇಲೆ ಮೆಲ್ಲನೆ ಕೈಯಿಟ್ಟು ಮುಂದೆ ನಡೆಯಿರಿ ಎಂದರು. ಮರುದಿನ ಮಣ್ಣು ಮಾಡುವವರೆಗೆ ಇರಬೇಕೆನ್ನಿಸಿ, ರಾತ್ರಿ ಗಿರೀಶನಿಗೆ ಆರು ಸಲ ಫೋನ್ ಮಾಡಿದೆ. ಅವನು ಎತ್ತಲಿಲ್ಲ. ರೈಲು ನಿಲ್ದಾಣದಲ್ಲಿ ಚೀಲ ತಲೆಗಿಟ್ಟುಕೊಂಡು ಮಲಗಿದೆ. ಹೀಗೆ ಮಾಡಿದವನು ಇವತ್ತು ನನಗೆ ‘ನಿಜವಾದ ಅಭಿಮಾನಿಯಾಗಿದ್ದರೆ’ ಎಂದು ಕಳುಹಿಸುತ್ತಾನೆ.

ಇದಾದ ಮೇಲೆ ಹೆಚ್ಚುಕಡಿಮೆ ಒಂದು ಗಂಟೆ ಯಾರೂ ಬರೆಯಲಿಲ್ಲ. ಗಿರೀಶ ಏನನ್ನೋ ಬರೆಯುತ್ತಿದ್ದಾನೆಂದು ತೋರುವುದು, ಮತ್ತೆ ನಿಲ್ಲುವುದು. ನನಗೆ ಅವನ ಮೇಲೆ ಸಿಟ್ಟೇ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಗಿರೀಶ: ಆ ರಾತ್ರಿ ನಾನು ಆಸ್ಪತ್ರೆಯಲ್ಲಿದ್ದೆ. ಶುಕ್ರವಾರದಿಂದ ಟೀವಿ ಆರಿಸಿರಲಿಲ್ಲ. ನಲವತ್ತಾರು ವರ್ಷದ, ದಿನವೂ ವ್ಯಾಯಾಮ ಮಾಡುವ, ಹೊಟ್ಟೆಯಿಲ್ಲದ ಮನುಷ್ಯ ಬೆಳಗ್ಗೆ ಇದ್ದು ಮಧ್ಯಾಹ್ನ ಇಲ್ಲವಾದ ಎಂದರೆ, ಅದೇ ವಯಸ್ಸಿನ, ನಾಲ್ಕು ಹೆಜ್ಜೆ ಮೆಟ್ಟಿಲೇರಿದರೆ ಏದುಸಿರು ಬಿಡುವ ನನ್ನ ಗತಿಯೇನು ಎಂದು ಶನಿವಾರ ಇಡೀ ದಿನ ಯೋಚಿಸಿದೆ. ಸಂಜೆ ಎಡಗೈ ಹಿಡಿದುಕೊಂಡಂತಾಯಿತು, ಹೆಂಡತಿ ಆಟೋದಲ್ಲಿ ಕರೆದುಕೊಂಡು ಹೋದಳು. ಅಲ್ಲಿ ನನ್ನಂಥವರೇ ಸಾಲುಗಟ್ಟಿದ್ದರು, ಎಲ್ಲರೂ ನಲವತ್ತು-ಐವತ್ತರ ನಡುವಿನವರು. ಇಸಿಜಿ ಸರಿಯಾಗಿತ್ತು. ಹೆದರಿಕೆಗೆ ಹೀಗಾಗಿದೆ ಎಂದು ಡಾಕ್ಟರು ಕಳುಹಿಸಿದರು. ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ, ನಿನಗೂ ತಿರುಗಿ ಫೋನ್ ಮಾಡಲಿಲ್ಲ. ಅದು ತಪ್ಪು.

ಸಿದ್ದರಾಜು: ಒಂದು ಮಾತು ಹೇಳಿದ್ದರೆ ಆ ಸಾಲಿನಲ್ಲಿ ನಿನ್ನ ಜೊತೆ ಬಂದು ನಿಲ್ಲುತ್ತಿದ್ದೆ.

ನಾಗರತ್ನ: ಗಿರೀಶ, ನಿನ್ನ ರಸೀದಿಯ ವಿಷಯವನ್ನು ಇಲ್ಲಿಗೆ ಬಿಟ್ಟಿದ್ದೇನೆ. ಪಟ್ಟಿಯ ವಿಷಯ ಬಿಡುವುದಿಲ್ಲ. ಜನರಿಗೆ ಗೊತ್ತಿರುವ, ಯಾರೂ ಸುಳ್ಳೆನ್ನಲಾಗದ ಸಂಗತಿಗಳೇ ಬೇಕಾದಷ್ಟಿವೆಯಲ್ಲ! ಮೈಸೂರಿನ ಶಕ್ತಿಧಾಮವಿದೆ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವರ ತಾಯಿ ನಿಂತು ಬೆಳೆಸಿದ ಮನೆ ಅದು, ಇವರೂ ಅದಕ್ಕೆ ಹೆಗಲು ಕೊಟ್ಟರು. ನಂದಿನಿ ಹಾಲಿನ ಜಾಹೀರಾತಿಗೆ ತಂದೆಯಂತೆಯೇ ಸಂಭಾವನೆ ಪಡೆಯದೆ ನಿಂತರು. 2020ರಲ್ಲಿ ಕೊರೊನಾ ಬಂದಾಗ ಮುಖ್ಯಮಂತ್ರಿ ಪರಿಹಾರ ನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಇವುಗಳ ಪಕ್ಕದಲ್ಲಿ ವಿಳಾಸವಿಲ್ಲದ ನಲವತ್ತೈದು ಶಾಲೆಗಳನ್ನು ತಂದಿಟ್ಟರೆ, ನಾಳೆ ಪಟ್ಟಿ ಸುಳ್ಳೆಂದು ಯಾರಾದರೂ ಎತ್ತಿ ತೋರಿಸಿದಾಗ ನಿಜವಾದದ್ದೂ ಅದರೊಡನೆ ಕೊಚ್ಚಿಹೋಗುತ್ತದೆ. ನಾನು ಕೇಳುತ್ತಿರುವುದು ಅವರ ಮೇಲಿನ ಅನುಮಾನದಿಂದಲ್ಲ. ‘ಅಪ್ಪು’ ಮರುಬಿಡುಗಡೆಯಾದದ್ದು ಶುಕ್ರವಾರ, ಶನಿವಾರವೇ ಮಗಳನ್ನು ಕರೆದುಕೊಂಡು ಹೋಗಿ ನೋಡಿ ಬಂದಿದ್ದೇನೆ.

ಪ್ರಕಾಶ: ಶಂಕರ್‌ನಾಗ್ ಹೋದಾಗ ನಾವು ಹತ್ತನೆಯ ತರಗತಿಯಲ್ಲಿದ್ದೆವು, 1990ರ ಸೆಪ್ಟೆಂಬರ್ 30. ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಅಪಘಾತವಾಯಿತೆಂದು ರೇಡಿಯೋದಲ್ಲಿ ಕೇಳಿ ನಮ್ಮಣ್ಣ ಎರಡು ದಿನ ಊಟ ಬಿಟ್ಟಿದ್ದ. ನನಗೂ ದುಃಖವಾಗಿತ್ತು, ಆದರೆ ಹಸಿವು ಹೋಗಿರಲಿಲ್ಲ. ಅಪ್ಪು ಹೋದಾಗ ಮಾತ್ರ ದುಬೈಯ ಆಫೀಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಯಾಕೆಂದು ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ.

ನಾನು: ನನಗೆ ತಿಳಿದಷ್ಟು ಹೇಳುತ್ತೇನೆ, ಪ್ರಕಾಶ. ರಾಜ್‌ಕುಮಾರ್ ನಮ್ಮ ಅಪ್ಪಂದಿರ ನಾಯಕ, ಶಂಕರ್‌ನಾಗ್ ನಮ್ಮ ಅಣ್ಣಂದಿರ ನಾಯಕ. ಅವರನ್ನು ನಾವು ತಲೆಯೆತ್ತಿ ನೋಡಿದೆವು. ಇವರು ಹುಟ್ಟಿದ್ದು 1975ರ ಮಾರ್ಚ್ 17, ನಮ್ಮದೇ ಹಾಜರಿ ಪುಸ್ತಕದಲ್ಲಿ ಇರಬಹುದಾಗಿದ್ದ ಹೆಸರು. ಟೈಟಲ್ ಕಾರ್ಡಿನಲ್ಲಿ ‘ಮಾಸ್ಟರ್ ಲೋಹಿತ್’ ಎಂದು ಬರುತ್ತಿದ್ದ ದಿನಗಳಿಂದ ಅವರು ನಮ್ಮ ಜೊತೆಯಲ್ಲೇ ಹಲ್ಲುಬಿದ್ದು, ಹಲ್ಲು ಬಂದು, ಧ್ವನಿ ಒಡೆದು ಬೆಳೆದರು. 2002ರಲ್ಲಿ ನಾಯಕನಾಗಿ ತೆರೆಗೆ ಬಂದಾಗ ನಮಗೂ ಇಪ್ಪತ್ತೇಳು, ನಮ್ಮಲ್ಲಿ ಹಲವರಿಗೆ ಆಗತಾನೇ ಮಕ್ಕಳಾಗಿದ್ದವು. ನಮ್ಮೊಡನೆ ಮರಳಿನ ಮೇಲೆ ಕುಳಿತಿದ್ದ ಹುಡುಗ ಎದ್ದು ಹೋದದ್ದರಿಂದಲೇ ನೀನು ಮೆಟ್ಟಿಲ ಮೇಲೆ ಕುಳಿತದ್ದು, ಗಿರೀಶ ಆಸ್ಪತ್ರೆಗೆ ಓಡಿದ್ದು.

ಇನ್ನೊಂದು ಸಂಗತಿಯನ್ನು ನಾನು ಈ ಗುಂಪಿನಲ್ಲಿ ಹೇಳಿಯೇ ಇಲ್ಲ. 2022ರ ಜುಲೈಯಲ್ಲಿ ನಮ್ಮ ಯಜಮಾನರು ತೀರಿಕೊಂಡಾಗ ಯಾರಿಗೂ ಬೇಗ ತಿಳಿಸಲಿಲ್ಲವೆಂದು ನಿಮ್ಮಲ್ಲಿ ಕೆಲವರಿಗೆ ನನ್ನ ಮೇಲೆ ಬೇಸರವಿದೆ, ಅದು ನನ್ನ ಕಿವಿಗೂ ಬಿದ್ದಿದೆ. ಆ ರಾತ್ರಿ ನನಗಿದ್ದ ಸಮಯದಲ್ಲಿ ನಾನು ಮಾಡಿದ ಮೊದಲ ಫೋನು ನೇತ್ರಭಂಡಾರಕ್ಕೆ. ತಂದೆಯಂತೆ ಪುನೀತ್ ಅವರ ಕಣ್ಣುಗಳನ್ನೂ ದಾನ ಮಾಡಿದ್ದಾರೆ, ಎರಡು ಕಾರ್ನಿಯಾಗಳ ಮೇಲ್ಪದರವನ್ನೂ ಒಳಪದರವನ್ನೂ ಬೇರ್ಪಡಿಸಿ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟಿದ್ದಾರೆ ಎಂಬ ಸುದ್ದಿಯನ್ನು ನಾವಿಬ್ಬರೂ ಒಟ್ಟಿಗೆ ಕುಳಿತು ಟೀವಿಯಲ್ಲಿ ನೋಡಿದ್ದೆವು. ನೋಡಿ ಮುಗಿಯುತ್ತಿದ್ದಂತೆ ಇವರು, “ನನ್ನದನ್ನೂ ಕೊಟ್ಟುಬಿಡು” ಎಂದು ಕಾಫಿ ಲೋಟ ಕೆಳಗಿಟ್ಟರು. ಅಷ್ಟೇ ಮಾತು. ಇವರು ಯಾವ ಸಂಘದ ಸದಸ್ಯರೂ ಅಲ್ಲ, ಮೊದಲ ದಿನದ ಮೊದಲ ಆಟಕ್ಕೆ ಹೋದವರೂ ಅಲ್ಲ.

ಆರು ಗಂಟೆಯೊಳಗೆ ಆಗಬೇಕು ಎಂದಿದ್ದರು. ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿಯಿಟ್ಟು, ತಲೆಗೆ ದಿಂಬು ಕೊಡಿ ಎಂದು ಫೋನಿನಲ್ಲಿ ಒಂದೊಂದಾಗಿ ಹೇಳಿದರು. ಹತ್ತಿ ಒಣಗುತ್ತದೆಂದು ನಾನು ಬಟ್ಟಲಲ್ಲಿ ನೀರಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದೆ. ಎರಡು ಗಂಟೆ ರಾತ್ರಿಯಲ್ಲಿ ಇಬ್ಬರು ಹುಡುಗರು ಒಂದು ಪೆಟ್ಟಿಗೆ ಹಿಡಿದು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಇವರ ಕಾಲಿಗೆ ಕೈಮುಗಿದು, ಬಾಗಿಲು ಮುಂದೆ ಮಾಡಿಕೊಂಡು ಅರ್ಧ ಗಂಟೆಯೊಳಗೆ ಮುಗಿಸಿದರು. ಮುಖ ಮೊದಲಿದ್ದಂತೆಯೇ ಇತ್ತು. ಯಾರಿಗೆ ಹಾಕಿದರೆಂದು ನನಗೆ ತಿಳಿಸಲಿಲ್ಲ, ತಿಳಿಸುವ ಪದ್ಧತಿಯೂ ಇಲ್ಲ. ನಾಗರತ್ನ, ನೀನು ಬೆಳಗ್ಗೆ ಒಂದು ವಿಳಾಸ ಕೇಳಿದೆಯಲ್ಲ, ನನ್ನ ಮನೆಯ ವಿಳಾಸವನ್ನು ಬರೆದುಕೋ.

ಸಿದ್ದರಾಜು: ವಿಶಾಲಾಕ್ಷಿ, ಇಷ್ಟು ವರ್ಷ ಮಾರ್ಚ್ 17ಕ್ಕೆ ಸರ್ಕಲ್ಲಿನಲ್ಲಿ ಅನ್ನದಾನ ಮಾಡಿಸಿ, ಫ್ಲೆಕ್ಸ್ ಕಟ್ಟಿಸಿದ್ದೇನೆ. ನಾನಿನ್ನೂ ನೇತ್ರದಾನದ ಅರ್ಜಿ ತುಂಬಿಲ್ಲ. ಹೆಂಡತಿ ಬೇಡವೆಂದಳು, ನನಗೂ ಒಳಗೊಳಗೆ ಹೆದರಿಕೆಯಿತ್ತು. ಮುಖ ಮೊದಲಿದ್ದಂತೆಯೇ ಇತ್ತೆಂದು ನೀನು ಬರೆದದ್ದನ್ನು ಅವಳಿಗೆ ಓದಿ ಹೇಳುತ್ತೇನೆ.

ರಮೇಶ: ಸಿದ್ದರಾಜು, ಅರ್ಜಿಗಳ ಪ್ರತಿ ಎಷ್ಟು ಬೇಕೋ ಹೇಳು, ಜೆರಾಕ್ಸ್ ಮಾಡಿ ಬಸ್ಸಿನಲ್ಲಿ ಕಳುಹಿಸುತ್ತೇನೆ. ದುಡ್ಡು ಬೇಡ.

ಗಿರೀಶ ಅಷ್ಟರಲ್ಲಿ ಬೆಳಗಿನ ಫಾರ್ವರ್ಡನ್ನು ಅಳಿಸಿ, ಆ ಜಾಗಕ್ಕೆ ಏನನ್ನೂ ಹಾಕಲಿಲ್ಲ. ನಾಗರತ್ನ ಅದಕ್ಕೆ ಕೈಮುಗಿಯುವ ಗುರುತು ಒತ್ತಿದಳು.

ಮೇಷ್ಟ್ರು: ವಿಶಾಲಾಕ್ಷಿ, ಒಂದು ಸಂದೇಹವಿದೆ. ನನಗೆ ಎಂಬತ್ತೊಂದು. ಎರಡು ಕಣ್ಣಿಗೂ ಪೊರೆ ತೆಗೆಸಿ, ಕನ್ನಡಕವನ್ನೂ ಹಾಕಿಕೊಂಡಿದ್ದೇನೆ. ಇಂಥ ಕಣ್ಣು ಯಾರಿಗಾದರೂ ಬರುತ್ತದೆಯೇ?

ನಾನು: ಬರುತ್ತದೆ ಸರ್. ವಯಸ್ಸಾಗಲಿ, ಕನ್ನಡಕವಾಗಲಿ, ಪೊರೆಯ ಆಪರೇಷನ್ ಆಗಲಿ ಅಡ್ಡಿಯಿಲ್ಲ. ಕಾರ್ನಿಯಾ ಚೆನ್ನಾಗಿದೆಯೇ ಎಂಬುದನ್ನು ಮಾತ್ರ ಅವರು ಪರೀಕ್ಷಿಸುತ್ತಾರೆ.

ಮೇಷ್ಟ್ರು: ಹಾಗಾದರೆ ರಮೇಶ ಕಳುಹಿಸುವ ಪ್ರತಿಗಳಲ್ಲಿ ಒಂದನ್ನು ನನಗೂ ತೆಗೆದಿಡಿ. ಸಾಕ್ಷಿಯ ಜಾಗದಲ್ಲಿ ಸಿದ್ದರಾಜು ಸಹಿ ಹಾಕಲಿ. ನನ್ನ ಮಕ್ಕಳಿಬ್ಬರೂ ದೂರದಲ್ಲಿದ್ದಾರೆ, ಅವನ ಮನೆ ನಮ್ಮ ಬೀದಿಯಲ್ಲೇ ಇದೆ. ಆ ದಿನ ಆರು ಗಂಟೆಯೊಳಗೆ ಫೋನ್ ಮಾಡಬೇಕಾದವನು ಅವನೇ.

ಸಿದ್ದರಾಜು: ಮಾಡುತ್ತೇನೆ ಮೇಷ್ಟ್ರೇ. ಸಂಜೆ ಮನೆಗೆ ಬರುತ್ತೇನೆ.