ಪೂಲ್ ಗೇಟ್‌ಗೆ ಹಗ್ಗ ಕಟ್ಟಿದವರು ಯಾರು?

18ನೇ ನಂಬರ್, 3ನೇ ಕ್ರಾಸ್ (ರಾತ್ರಿ 11:48)
ಮಲಗಿದ್ದವರು ಎದ್ದು ಓದಿ. ಇವತ್ತು ಕರೆಂಟ್ ಹೋದ ಹೊತ್ತಲ್ಲಿ ನಾಲ್ಕು ವರ್ಷದ ಮಗುವೊಂದು ಪೂಲ್ ಮೆಟ್ಟಿಲ ಮೇಲೆ ಮೊಣಕಾಲುದ್ದ ನೀರಲ್ಲಿ ನಿಂತಿತ್ತು. ಗೇಟ್ ಹಾರುಹೊಡೆದಿತ್ತು. ಹಾಗೇ ಇರಲಿ ಅಂತ ಯಾರೋ ತೆಂಗಿನ ಹಗ್ಗದಲ್ಲಿ ಅದನ್ನು ಬೇಲಿಗೆ ಕಟ್ಟಿದ್ದಾರೆ! ಪಕ್ಕದ ಹಾಲ್‌ನಲ್ಲಿ ನಾಮಕರಣದ ಊಟ, ಅಷ್ಟೊಂದು ಜನ ದೊಡ್ಡವರು, ಒಬ್ಬರಿಗೂ ಗೊತ್ತಿಲ್ಲ. ವಾಚ್‌ಮನ್ ಟಾರ್ಚ್ ಬಿಟ್ಟಿದ್ದಕ್ಕೆ ಕಂಡಿತು. ಇಷ್ಟೂ ಬುದ್ಧಿ ಇಲ್ಲ ಅಂದರೆ ಈ ಸಂಘ ಯಾಕೆ, ಮೇಂಟೆನೆನ್ಸ್ ದುಡ್ಡು ಯಾಕೆ? ಹಗ್ಗ ಕಟ್ಟಿದವರು ಇದೇ ಗುಂಪಲ್ಲಿದ್ದೀರಿ. ಬಾಯಿ ಬಿಡಿ.

ಕಾರ್ಯದರ್ಶಿ (ರಾತ್ರಿ 11:56)
ಮಗು ಕ್ಷೇಮ ತಾನೇ? ಬೆಳಿಗ್ಗೆ ನೋಡೋಣ. ದಯವಿಟ್ಟು ಧ್ವನಿ ತಗ್ಗಿಸಿ.

27ನೇ ನಂಬರ್ (ರಾತ್ರಿ 11:58)
ಬೆಳಿಗ್ಗೆ ನೋಡೋದೇನು ಬಂತು? ಹೊರಗಿನವರಿಗೆ ಟಿಕೆಟ್ ಕೊಟ್ಟು ಪೂಲ್ ಬಿಡಬೇಡಿ ಅಂತ ನಾನು ಮೊದಲ ದಿನವೇ ಲಿಖಿತವಾಗಿ ಕೊಟ್ಟಿದ್ದೆ. ಅವತ್ತು ಕೈ ಎತ್ತಿದವರ ಪಟ್ಟಿ ನನ್ನ ಹತ್ತಿರ ಇದೆ. ಬೇಕಾದರೆ ಇಲ್ಲೇ ಹಾಕುತ್ತೇನೆ.

18ನೇ ನಂಬರ್ (ರಾತ್ರಿ 11:59)
ಮಗು ಹೊರಗಿನದಲ್ಲ ಸಾರ್. ನಮ್ಮದೇ ಕ್ರಾಸ್‌ನದು.

27ನೇ ನಂಬರ್ (ರಾತ್ರಿ 12:01)
ತತ್ವದ ಮಾತು ಹೇಳ್ತಿದ್ದೀನಿ.

31ನೇ ನಂಬರ್ (ರಾತ್ರಿ 12:04)
ನಾಮಕರಣ ನಮ್ಮನೆಯದು, ನೇರವಾಗಿ ಹೇಳಿ. ಹಗ್ಗ ಕಟ್ಟಿದ್ದು ಅಡುಗೆಯವರು. ಹಿಂದಿನ ದಾರಿಗೆ ಬೈಕ್ ಅಡ್ಡ ನಿಂತಿತ್ತು, ಸಾರಿನ ಹಂಡೆ ಪೂಲ್ ಬದಿಯಿಂದಲೇ ಬರಬೇಕಾಯಿತು. ಬೈಕ್ ಯಾರದು ಅಂತ ಯಾರೂ ಕೇಳಲ್ಲ.

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 5:40)
ಹಗ್ಗ ಬಿಚ್ಚಿದ್ದೇನೆ. ಆದರೆ ನಾಳೆ ಇನ್ನೊಬ್ಬರು ಕಟ್ಟುತ್ತಾರೆ, ಯಾಕೆ ಅಂತ ಕೇಳಿ. ಗೇಟನ್ನು ತಾನಾಗಿ ಮುಚ್ಚಿಸುವ ಮೇಲಿನ ಸ್ಪ್ರಿಂಗ್ ಹಿಂಜ್ ತುಕ್ಕು ಹಿಡಿದು ಸತ್ತಿದೆ. ಗೇಟ್ ಅರ್ಧಕ್ಕೆ ಬಂದು ನಿಲ್ಲುತ್ತೆ, ಹೋಗಿಬರುವವರ ಮಂಡಿಗೆ ಬಡಿಯುತ್ತೆ, ಅದಕ್ಕೇ ಕಲ್ಲು, ಹಗ್ಗ. ಎರಡೂ ಹಿಂಜ್ ಒಟ್ಟಿಗೇ ಬದಲಿಸಬೇಕು, ಸ್ಟೇನ್‌ಲೆಸ್ ಸ್ಟೀಲ್‌ದೇ ಹಾಕಬೇಕು. ಕ್ಲೋರಿನ್ ಗಾಳಿಗೆ ಮಾಮೂಲಿ ಕಬ್ಬಿಣ ಬಾಳಲ್ಲ. ಪರೀಕ್ಷೆ ಸುಲಭ: ಗೇಟನ್ನು ಪೂರ್ತಿ ತೆರೆದು ಬಿಡಿ, ಆಮೇಲೆ ಒಂದು ಗೇಣು ಮಾತ್ರ ತೆರೆದು ಬಿಡಿ. ಎರಡು ಸಲವೂ ತಾನಾಗಿ ಬಂದು ಟಕ್ ಅಂತ ಚಿಲಕ ಬೀಳಬೇಕು. ನಮ್ಮ ಚಿಲಕ ಮಗುವಿನ ಕೈಗೆ ಸಿಗುವ ಎತ್ತರದಲ್ಲಿದೆ, ಅದು ನೆಲದಿಂದ ಒಂದೂವರೆ ಮೀಟರ್ ಮೇಲೆ ಹೋಗಬೇಕು. ಗೇಟ್ ಈಗ ನೀರಿನ ಕಡೆಗೆ ತೆರೆಯುತ್ತೆ, ತಿರುಗಿಸಿ ಹೊರಗಡೆಗೆ ತೆರೆಯುವ ಹಾಗೆ ಮಾಡಿ. ಆಗ ಮಗು ಒರಗಿದರೂ ಮುಚ್ಚಿಕೊಳ್ಳುತ್ತೆ. ಬೇಲಿ 4 ಅಡಿ ಇದೆ, ಸರಳಿನ ಸಂದು 4 ಇಂಚಿನೊಳಗೇ ಇದೆ, ಸರಿ. ಆದರೆ ಬೇಲಿಗೆ ತಾಗಿಸಿಟ್ಟಿರುವ ಹೂಕುಂಡ, ಪ್ಲಾಸ್ಟಿಕ್ ಕುರ್ಚಿ ಇವತ್ತೇ ತೆಗೆಯಿರಿ. ಮಕ್ಕಳು ಅದನ್ನೇ ಹತ್ತಿ ದಾಟುತ್ತವೆ.

ಖಜಾಂಚಿ (ಬೆಳಿಗ್ಗೆ 6:15)
ಹಿಂಜ್‌ಗೆ ಮೂರು ಕೊಟೇಶನ್ ಬೇಕು. ನಿಯಮ.

ಮೂಲೆ ಮನೆ (ಬೆಳಿಗ್ಗೆ 6:20)
ಶುಭೋದಯ 🙏 ನಗುವೇ ಆರೋಗ್ಯ.

22ನೇ ನಂಬರ್ (ಬೆಳಿಗ್ಗೆ 6:31)
ಏನ್ರೀ ಇಷ್ಟಕ್ಕೆಲ್ಲಾ ಗಾಬ್ರಿ ಆಗ್ತೀರಿ. ಹಳ್ಳ್ಯಾಗ ಬೆನ್ನಿಗೆ ಸೋರೆಬುರುಡಿ ಕಟ್ಟಿ ಬಾವ್ಯಾಗ ನೂಕ್ತಾರ, ಹುಡುಗೂರು ನಾಕ ದಿನಕ್ಕ ಮೀನ್ ಆಗ್ತಾವ. ಕಲಿಸಿಬಿಟ್ರ ಗೇಟ್ ಯಾಕ ಬೇಕು?

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 6:44)
ಬಾವಿಯಲ್ಲಿ ಸೊಂಟಕ್ಕೆ ಹಗ್ಗ ಇರುತ್ತೆ, ಕೆಳಗೆ ನೀರಲ್ಲಿ ಈಜು ಬಲ್ಲ ಒಬ್ಬ ನಿಂತಿರುತ್ತಾನೆ, ಮೇಲೆ ನಾಲ್ಕು ಜನರ ಕಣ್ಣು ಅದೊಂದು ಹುಡುಗನ ಮೇಲೇ ಇರುತ್ತೆ. ನಮ್ಮ ಪೂಲಲ್ಲಿ ಸಂಜೆ ಆರಕ್ಕೆ ಮೂವತ್ತು ಮಕ್ಕಳು, ಹತ್ತು ಮೊಬೈಲ್. ಅದೇ ವ್ಯತ್ಯಾಸ.
ಮುಳುಗುವ ಮಗು ಕೂಗಲ್ಲ. ಕೂಗಲು ಉಸಿರೇ ಇರಲ್ಲ. ಕೈ ಬೀಸಿ ಕರೆಯೋದೂ ಇಲ್ಲ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತೆ. ತಲೆ ಹಿಂದಕ್ಕೆ, ಬಾಯಿ ನೀರಿನ ಮಟ್ಟಕ್ಕೆ, ಕೂದಲು ಕಣ್ಣ ಮೇಲೆ, ಕಾಲು ಆಡಲ್ಲ, ಮೈ ನೆಟ್ಟಗೆ ಏಣಿ ಹತ್ತುವವರ ಹಾಗೆ. ನೋಡಿದವರಿಗೆ ಆಟ ಆಡ್ತಿದೆ ಅನ್ನಿಸುತ್ತೆ. ಇದೆಲ್ಲ 20ರಿಂದ 60 ಸೆಕೆಂಡ್, ಆಮೇಲೆ ತಲೆ ಒಳಗೆ. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ಆಗಲೇ ನೋಡಬೇಕು.

12ನೇ ನಂಬರ್ (ಬೆಳಿಗ್ಗೆ 6:52)
ಕೋಚ್ ಸರ್, ಭಾನುವಾರ ಮಕ್ಕಳಿಗೆಲ್ಲ ಒಂದು ಗಂಟೆ ಕ್ಲಾಸ್ ಮಾಡಿ. ಏನೇನು ಹೇಳಿಕೊಡ್ತೀರಿ ಅಂತ ಬರೆದರೆ ನಾವೂ ಮನೆಯಲ್ಲಿ ಹೇಳ್ತೀವಿ.

27ನೇ ನಂಬರ್ (ಬೆಳಿಗ್ಗೆ 6:53)
ಕ್ಲಾಸ್ ಆಮೇಲೆ. ಮೊದಲು ಜವಾಬ್ದಾರಿ ಯಾರದು ಅಂತ ನಿರ್ಧಾರ ಆಗಲಿ. ಗುತ್ತಿಗೆ ಪತ್ರದ 4ನೇ ಪುಟ ಓದಿದವರು ಇಲ್ಲಿ ಎಷ್ಟು ಜನ?

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 7:10)
ಭಾನುವಾರ 7ಕ್ಕೆ. ಮೊದಲ ಅರ್ಧ ಗಂಟೆ ಯಾರೂ ನೀರಿಗೆ ಇಳಿಯಲ್ಲ. ಗೇಟಿನ ಹೊರಗೆ ನಿಂತು ದೊಡ್ಡವರ ಹೆಸರು ಹಿಡಿದು ‘ಇಳೀಲಾ?’ ಅಂತ ಕೇಳಿ, ‘ಇಳಿ’ ಅನ್ನೋವರೆಗೆ ಕಾಯೋದು ಅಭ್ಯಾಸ ಆಗಬೇಕು. ಚೆಂಡು ಬಿತ್ತು, ಚಪ್ಪಲಿ ಬಿತ್ತು ಅಂತ ಓಡುವ ಮಕ್ಕಳೇ ಜಾಸ್ತಿ, ಹಾಗಾಗಿ ಆಟ ಮುಗಿದ ಮೇಲೆ ಒಂದು ಆಟಿಕೆಯೂ ನೀರಲ್ಲಿ ಉಳಿಯಬಾರದು.
ಆಮೇಲೆ ಗೋಡೆ. ಕಾಲು ಮುಂದಾಗಿ ಇಳಿ, ತಿರುಗು, ಅಂಚು ಹಿಡಿ. ಅಂಚು ಹಿಡಿದೇ ಕೈ ಮೇಲೆ ಕೈ ಸರಿಸಿ ಮೆಟ್ಟಿಲ ತನಕ ಬಾ. ಮೆಟ್ಟಿಲಿಲ್ಲದ ಕಡೆ ಹತ್ತೋದು ಹೀಗೆ: ಒಂದು ಮೊಣಕೈ, ಇನ್ನೊಂದು ಮೊಣಕೈ, ಹೊಟ್ಟೆ, ಮೊಣಕಾಲು. ಇದನ್ನು ಹಾಡಿನ ಥರ ಹೇಳಿಸಿ ಪ್ರತಿ ಮಗುವಿಗೂ ಹತ್ತು ಸಲ ಮಾಡಿಸಬೇಕು. ಫ್ರೀಸ್ಟೈಲ್‌ಗಿಂತ ಮುಂಚೆ ಇದು. ಅದಾದ ಮೇಲೆ ಬೆನ್ನ ಮೇಲೆ ತೇಲೋದು: ಕಿವಿ ನೀರೊಳಗೆ, ಹೊಟ್ಟೆ ಮೇಲಕ್ಕೆ, ಕಣ್ಣು ಆಕಾಶಕ್ಕೆ. ಮಕ್ಕಳು ತಲೆ ಎತ್ತಿ ಕಾಲು ನೋಡಿಕೊಳ್ಳುತ್ತಾರೆ, ಆಗಲೇ ಸೊಂಟ ಮುಳುಗೋದು. ಒಂದು ನಿಮಿಷ ತೇಲಿ, ತಿರುಗಿ, ಹೊರಬರುವ ದಾರಿ ಹುಡುಕಿ, 25 ಮೀಟರ್ ಈಜಿ, ತಾನೇ ಹತ್ತಿ ಬರೋ ಮಗುವಿಗೆ ಮಾತ್ರ ಆಳದ ಕಡೆ ಅನುಮತಿ.
ತೋಳಿಗೆ ಹಾಕುವ ಗಾಳಿಪಟ್ಟಿ, ಟ್ಯೂಬ್ ಭಾನುವಾರ ತರಬೇಡಿ. ಜಾರುತ್ತೆ, ಗಾಳಿ ಬಿಡುತ್ತೆ, ಎಲ್ಲಕ್ಕಿಂತ ಮೇಲಾಗಿ ಮಗುವಿಗೆ ನೀರಲ್ಲಿ ನೆಟ್ಟಗೆ ನಿಲ್ಲೋದು ರೂಢಿ ಮಾಡಿಸುತ್ತೆ. ಮುಳುಗೋ ಭಂಗಿಯೂ ಅದೇ. ತಿಳಿನೀಲಿ, ಬಿಳಿ ಈಜುಡುಗೆ ನೀರಲ್ಲಿ ಕಾಣಲ್ಲ. ಕಿತ್ತಳೆ, ಗಾಢ ಗುಲಾಬಿ ತೆಗೆದುಕೊಳ್ಳಿ.

5ನೇ ನಂಬರ್ (ಬೆಳಿಗ್ಗೆ 7:18)
ನಮ್ಮ ರಾಜ್ಯದ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಳು. ನೀವಿನ್ನೂ ಅಂಚು ಹಿಡಿಯೋದು ಹೇಳಿಕೊಡ್ತಿದ್ದೀರಿ ಸರ್ 😀

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 7:20)
ಒಲಿಂಪಿಕ್ಸ್‌ನಲ್ಲೂ ಪೂಲ್ ಬದಿಯಲ್ಲಿ ಲೈಫ್‌ಗಾರ್ಡ್ ಕೂತಿರುತ್ತಾರೆ.

ಮೂಲೆ ಮನೆ (ಬೆಳಿಗ್ಗೆ 7:26)
ಫಾರ್ವರ್ಡ್ ಆಗಿ ಬಂದಿದ್ದು: ನೀರಲ್ಲಿ ಮುಳುಗಿ ಸತ್ತವರನ್ನು ಒಂದು ಕ್ವಿಂಟಲ್ ಉಪ್ಪಿನಲ್ಲಿ ನಾಲ್ಕು ಗಂಟೆ ಮುಚ್ಚಿಟ್ಟರೆ ಉಪ್ಪು ನೀರನ್ನು ಹೀರಿ ಜೀವ ಬರುತ್ತದೆ. ಎಲ್ಲರಿಗೂ ಹಂಚಿ.

14ನೇ ನಂಬರ್, ನರ್ಸ್ (ಬೆಳಿಗ್ಗೆ 7:29)
ಇದನ್ನು ಈಗಲೇ ಅಳಿಸಿ. ಹಾವೇರಿ, ಬಳ್ಳಾರಿ ಜಿಲ್ಲೆಗಳಲ್ಲಿ ಇದನ್ನೇ ನಂಬಿ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟಿದ್ದು ಪತ್ರಿಕೆಗಳಲ್ಲೇ ಬಂದಿದೆ. ಯಾರೂ ಬದುಕಲಿಲ್ಲ. ತಲೆಕೆಳಗೆ ಹಿಡಿದು ತಿರುಗಿಸೋದು, ಹೊಟ್ಟೆ ಒತ್ತೋದು, ಅದೂ ಬೇಡ. ಹೊಟ್ಟೆ ಒತ್ತಿದರೆ ಒಳಗಿನ ಅನ್ನ, ನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ.
ಹೊರಗೆ ತೆಗೆದ ಮಗು ಉಸಿರಾಡುತ್ತಿಲ್ಲ ಅಂದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹಣೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು 5 ಸಲ ಊದಿ, ಪ್ರತಿ ಸಲ ಎದೆ ಏಳೋದು ಕಾಣಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ವೇಗ ನಿಮಿಷಕ್ಕೆ 100ರಿಂದ 120, ಆಳ ಎದೆಯ ದಪ್ಪದ ಮೂರನೇ ಒಂದು ಭಾಗ. ಊದದೆ ಬರೀ ಎದೆ ಒತ್ತುವ ವಿಡಿಯೋಗಳು ಹೃದಯ ತಾನಾಗಿ ನಿಂತ ದೊಡ್ಡವರಿಗೆ. ಮುಳುಗಿದವರಿಗೆ ಮೊದಲು ಕಮ್ಮಿ ಆಗಿರೋದು ಆಮ್ಲಜನಕ. ಇನ್ನೊಬ್ಬರು ಆಗಲೇ 108ಕ್ಕೆ ಫೋನ್ ಮಾಡಬೇಕು. ಮಗು ಎದ್ದು ಕೂತರೂ ಆಸ್ಪತ್ರೆ ತಪ್ಪಿಸಬೇಡಿ.

27ನೇ ನಂಬರ್ (ಬೆಳಿಗ್ಗೆ 7:33)
ಇದಕ್ಕೆಲ್ಲ ಮೂಲ ಟಿಕೆಟ್. ಟಿಕೆಟ್ ನಿಲ್ಲಿಸಿದರೆ ಮೂವತ್ತು ಮಕ್ಕಳು ಹತ್ತಾಗುತ್ತಾರೆ. ಯಾರೂ ಇದಕ್ಕೆ ಉತ್ತರ ಕೊಡುತ್ತಿಲ್ಲ.

ಖಜಾಂಚಿ (ಬೆಳಿಗ್ಗೆ 7:35)
ಟಿಕೆಟ್ ದುಡ್ಡಲ್ಲೇ ಲೈಫ್‌ಗಾರ್ಡ್ ಸಂಬಳ ಹೋಗೋದು ಸಾರ್. ನಿಲ್ಲಿಸಿದರೆ ಮೇಂಟೆನೆನ್ಸ್ ಏರಿಸಬೇಕು. ಒಪ್ಪುತ್ತೀರಾ?

27ನೇ ನಂಬರ್ (ಬೆಳಿಗ್ಗೆ 7:36)
ಮಾತು ತಿರುಗಿಸಬೇಡಿ.

18ನೇ ನಂಬರ್ (ಬೆಳಿಗ್ಗೆ 7:40)
ಲೈಫ್‌ಗಾರ್ಡ್ ಇದ್ದಾನಲ್ಲ, ಅವನ ಕೆಲಸ ಏನು?

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 7:48)
ಅವನಿಗೆ ಟಿಕೆಟ್ ಹರಿಯೋದು, ಕ್ಲೋರಿನ್ ಹಾಕೋದು, ಟ್ಯೂಬ್‌ಗೆ ಗಾಳಿ ತುಂಬೋದು ಎಲ್ಲ ಹೇರಿದ್ದೀವಿ. ನೀರು ನೋಡುವವನಿಗೆ ಬೇರೆ ಕೆಲಸ ಇರಬಾರದು. ಕಂಡುಹಿಡಿಯಲು 10 ಸೆಕೆಂಡ್, ತಲುಪಲು 20 ಸೆಕೆಂಡ್ ಅನ್ನೋದು ಆ ಕೆಲಸದ ಲೆಕ್ಕ. ಅವನಿದ್ದರೂ ಈಜು ಬರದ ಮಗುವಿನ ಜೊತೆ ದೊಡ್ಡವರೊಬ್ಬರು ಕೈಗೆಟಕುವಷ್ಟು ದೂರದಲ್ಲಿ, ನೀರೊಳಗೇ ಇರಬೇಕು. ದಂಡೆಯ ಕುರ್ಚಿ ಲೆಕ್ಕಕ್ಕಿಲ್ಲ. ಸಂಜೆ ಬ್ಯಾಚಿಗೆ ಪೋಷಕರ ಸರದಿ ಮಾಡೋಣ: 15 ನಿಮಿಷಕ್ಕೆ ಒಬ್ಬರು, ಕೊರಳಲ್ಲಿ ಸೀಟಿ, ಮೊಬೈಲ್ ಮುಂದಿನವರ ಕೈಗೆ. ಸೀಟಿ ಕೈ ಬದಲಾಗದೆ ಯಾರೂ ಕದಲುವ ಹಾಗಿಲ್ಲ.
ಇನ್ನೊಂದು, ಆಳದ ಹಗ್ಗ. ನಮ್ಮ ನೆಲ ಮೂರೂವರೆ ಅಡಿಯಿಂದ ಆರಕ್ಕೆ ಒಂದೇ ಸಲ ಇಳಿಯುತ್ತೆ. ಎದೆಮಟ್ಟ ನೀರಲ್ಲಿ ನಡೆಯುತ್ತಿದ್ದ ಮಗುವಿನ ಕಾಲಡಿಯ ನೆಲವೇ ಹೋಗುತ್ತೆ, ಪಾಚಿ ಇದ್ದರೆ ಹಿಂದಕ್ಕೆ ಹತ್ತಲೂ ಆಗಲ್ಲ. ಇಳಿಜಾರು ಶುರುವಾಗುವ ಒಂದಡಿ ಮುಂಚೆ, ಕಮ್ಮಿ ಆಳದ ಕಡೆ, ತೇಲುಬಿಲ್ಲೆ ಪೋಣಿಸಿದ ಹಗ್ಗ ಅಡ್ಡ ಕಟ್ಟಬೇಕು. ಕೊಕ್ಕೆ ಗೋಡೆಯಲ್ಲಿ ಈಗಲೂ ಇದೆ, ಹಗ್ಗ ಗಣೇಶನ ಪೆಂಡಾಲಿಗೆ ಹೋಗಿದ್ದು ವಾಪಸ್ ಬಂದಿಲ್ಲ.

ಕಾರ್ಯದರ್ಶಿ (ಬೆಳಿಗ್ಗೆ 7:50)
ಪೆಂಡಾಲ್ ಸಮಿತಿ ಬೇರೆ, ನಾವು ಬೇರೆ.

5ನೇ ನಂಬರ್ (ಬೆಳಿಗ್ಗೆ 7:51)
ಒಟ್ಟಿನಲ್ಲಿ ಇರಬೇಕಾದ ಕಡೆ ಹಗ್ಗ ಇಲ್ಲ, ಇರಬಾರದ ಕಡೆ ಇದೆ.

12ನೇ ನಂಬರ್ (ಬೆಳಿಗ್ಗೆ 7:58)
ಜೊತೆಗಾರ ಮುಳುಗುತ್ತಿದ್ದರೆ ಮಕ್ಕಳು ಏನು ಮಾಡಬೇಕು? ನಮ್ಮವಳು ಜಿಗಿದುಬಿಡುತ್ತಾಳೆ ಅನ್ನೋದೇ ಭಯ.

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 8:05)
ಜಿಗಿಯಲೇಬಾರದು. 2024ರ ನವೆಂಬರ್‌ನಲ್ಲಿ ಉಳ್ಳಾಲದ ಕಡೆಯ ರೆಸಾರ್ಟ್ ಪೂಲಲ್ಲಿ ಮೈಸೂರಿನ ಮೂವರು ಯುವತಿಯರು ಹೋದದ್ದು ಹೀಗೇ, ಒಬ್ಬಳನ್ನು ಉಳಿಸಲು ಹೋಗಿ. ಮೊದಲು ಕೂಗು. ಆಮೇಲೆ ದಂಡೆಯಲ್ಲಿ ಹೊಟ್ಟೆ ಮೇಲೆ ಮಲಗಿ ಕೋಲು ಚಾಚು, ನಿಂತು ಚಾಚಿದರೆ ನಿನ್ನನ್ನೂ ಎಳೆಯುತ್ತಾರೆ. ಕೋಲು ಎಟುಕದಿದ್ದರೆ ತೇಲುವುದೇನಾದರೂ ಎಸೆ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ಸರಿ. ಹಗ್ಗ ಕಟ್ಟಿದ ರಿಂಗ್ ಆದರೆ ಅವರ ತಲೆ ದಾಟಿ ಆಚೆ ಬೀಳುವಂತೆ ಎಸೆದು ಎಳೆದುಕೊಳ್ಳಬೇಕು.
ದೊಡ್ಡ ಹುಡುಗರಿಗೆ ಪ್ರತ್ಯೇಕ ಹೇಳೋದಿದೆ. ಉಸಿರು ಕಟ್ಟುವ ಪಂದ್ಯ ಬಂದ್. ಪಂದ್ಯಕ್ಕೆ ಮೊದಲು ಜೋರಾಗಿ ಉಸಿರೆಳೆದು ಬಿಟ್ಟರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಉಸಿರು ಬೇಕು ಅನ್ನೋ ಸೂಚನೆಯೇ ಬರಲ್ಲ, ನೀರೊಳಗೇ ಪ್ರಜ್ಞೆ ತಪ್ಪುತ್ತೆ. ಚೆನ್ನಾಗಿ ಈಜುವವರೇ ಹೀಗೆ ಹೋಗೋದು. ತಲೆ ಮುಂದಾಗಿ ಡೈವ್‌ಗೆ 9 ಅಡಿ ಆಳ ಬೇಕು, ನಮ್ಮಲ್ಲಿ ಎಲ್ಲೂ ಇಲ್ಲ. ಪಂಪ್ ನೀರೆಳೆಯುವ ತಳದ ಜಾಲರಿ ಹತ್ತಿರ ಆಟ ಬೇಡ, ಉದ್ದ ಕೂದಲು ಟೋಪಿಯೊಳಗೆ. ಜಾಲರಿಯ ಒಂದು ತಿರುಪು ಸಡಿಲವಾಗಿದ್ದರೂ ಮೊದಲು ಪಂಪ್ ನಿಲ್ಲಿಸಿ.

31ನೇ ನಂಬರ್ (ಬೆಳಿಗ್ಗೆ 8:09)
ನೀರೇ ಸರಿ ಇಲ್ಲವಲ್ಲ. ಮಕ್ಕಳ ಕಣ್ಣು ಕೆಂಡದ ಹಾಗೆ. ಕ್ಲೋರಿನ್ ಸುರೀತಿದ್ದಾರೆ.

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 8:12)
ಕ್ಲೋರಿನ್ ಸಾಲದೆ ಇರಬಹುದು. ಬೆವರು, ಮೂತ್ರದ ಜೊತೆ ಸೇರಿದ ಕ್ಲೋರಿನ್ನೇ ಆ ಘಾಟು, ಆ ಉರಿ. ಉಳಿಕೆ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ 7.2ರಿಂದ 7.8 ಇರಬೇಕು. ಇಳಿಯುವ ಮುಂಚೆ ಸ್ನಾನ ಮಾಡಿಸಿ ಅಂದರೆ ನೀವೇ ಜಗಳಕ್ಕೆ ಬರ್ತೀರಿ. ಆಳದ ಕಡೆಯ ಜಾಲರಿ ದಂಡೆಯಿಂದ ನಿಚ್ಚಳವಾಗಿ ಕಾಣದ ದಿನ ಪೂಲ್ ತೆರೆಯಲೇಬಾರದು.

27ನೇ ನಂಬರ್ (ಬೆಳಿಗ್ಗೆ 8:14)
ಮೂತ್ರ ಯಾರದು? ಹೊರಗಿನವರದು.

22ನೇ ನಂಬರ್ (ಬೆಳಿಗ್ಗೆ 8:15)
ಅದಕ್ಕೂ ಪಟ್ಟಿ ಇಟ್ಟೀರೇನ್ರೀ ಸಾಹೇಬ್ರ?

33ನೇ ನಂಬರ್ (ಬೆಳಿಗ್ಗೆ 8:20)
ಹೊರಗಿನವರು ಅಂದದ್ದಕ್ಕೆ ಕೇಳ್ತೀನಿ. ಪೂಲಿಗೆ ಬರುವವರ ಗಾಡಿಗಳಿಂದ 3ನೇ ಕ್ರಾಸ್ ಪೂರ್ತಿ ಬಂದ್. ನಿನ್ನೆ ಹಿಂದಿನ ದಾರಿಗೆ ಅಡ್ಡ ನಿಂತ ಬೈಕೂ ಅವರದೇ ಅಲ್ಲವಾ?

31ನೇ ನಂಬರ್ (ಬೆಳಿಗ್ಗೆ 8:21)
ಅದನ್ನೇ ನಾನು ರಾತ್ರಿಯಿಂದ ಬಡ್ಕೊತಿದ್ದೀನಿ!

27ನೇ ನಂಬರ್ (ಬೆಳಿಗ್ಗೆ 8:22)
ಈಗ ಸರಿಯಾದ ವಿಷಯಕ್ಕೆ ಬಂದಿರಿ. ಪಾರ್ಕಿಂಗ್‌ಗೆ ನನ್ನ ನಕ್ಷೆ ತಯಾರಿದೆ, ಒಂದು ಬದಿ ಹಳದಿ ಗೆರೆ.

12ನೇ ನಂಬರ್ (ಬೆಳಿಗ್ಗೆ 8:30)
ಭಾನುವಾರದ ಕ್ಲಾಸ್ ಇದೆ ತಾನೇ? ಸರದಿಗೆ ನನ್ನ ಹೆಸರು ಬರೆದುಕೊಳ್ಳಿ.

14ನೇ ನಂಬರ್, ನರ್ಸ್ (ಬೆಳಿಗ್ಗೆ 8:31)
ನನ್ನದೂ.

ಕಾರ್ಯದರ್ಶಿ (ಬೆಳಿಗ್ಗೆ 9:05)
ಭಾನುವಾರ 7ಕ್ಕೆ ತುರ್ತು ಸಭೆ, ಪೂಲ್ ಪಕ್ಕದ ಹಾಲ್‌ನಲ್ಲಿ. ವಿಷಯ: 3ನೇ ಕ್ರಾಸ್ ಪಾರ್ಕಿಂಗ್, ಹಳದಿ ಗೆರೆ. ಜಾಗ ಬೇಕಾದ್ದರಿಂದ ಮಕ್ಕಳ ಕ್ಲಾಸ್ ಮುಂದಿನ ವಾರಕ್ಕೆ. ಹಿಂಜ್ ಬಗ್ಗೆ ಸಮಯ ಉಳಿದರೆ ಮಾತಾಡೋಣ.

9ನೇ ನಂಬರ್, ಈಜು ಕೋಚ್ (ಬೆಳಿಗ್ಗೆ 9:11)
ಹಿಂಜ್ ಬರೋವರೆಗೆ ಗೇಟಿಗೆ ಬೀಗ ಹಾಕಿದ್ದೇನೆ. ಕೀಲಿ ವಾಚ್‌ಮನ್ ಹತ್ತಿರ.

27ನೇ ನಂಬರ್ (ಬೆಳಿಗ್ಗೆ 9:12)
ಬೀಗ ಹಾಕಲು ಯಾರ ಅನುಮತಿ?

ಮಹಡಿ ಮನೆ, 40ನೇ ನಂಬರ್ (ಬೆಳಿಗ್ಗೆ 9:14)
ನಮ್ಮ ಗೇಟ್ ಮುಂದೆ ಕಪ್ಪು ಸ್ಕೂಟರ್ ಯಾರದು? ಗ್ಯಾಸ್ ಗಾಡಿ ಒಳಗೆ ಬರೋಕಾಗ್ತಿಲ್ಲ.